ಭ್ರೂಣಹತ್ಯೆಯ ನಿಷೇಧವೂ ಗ್ರಂಥಭೇದವೂ

ಗರ್ಭಪಾತವನ್ನು ನಿಷೇಧಿಸುವ ಶಾಸನಗಳ ಗುಣದೋಷವಿಚಾರವು ಭರತಖಂಡದಲ್ಲಿಯೂ ಹೊರಗಡೆಯೂ ಆಗಾಗ್ಗೆ ತಲೆಯೆತ್ತುತ್ತಿರುವುದು. ಹಾಗೆ ಚರ್ಚೆಯೆದ್ದಾಗಲೆಲ್ಲ ಉಭಯಪಕ್ಷದವರೂ ಪ್ರಾಚೀನ ಗ್ರಂಥಗಳಿಂದ ಒಂದೊಂದು ವಾಕ್ಯವನ್ನು ಎತ್ತಿ ತೋರಿಸುವುದುಂಟು. ಒಬ್ಬರು ಪರಾಶರಸ್ಮೃತಿಯ ಒಂದು ಶ್ಲೋಕವನ್ನು ಹಿಡಿದು, ಈ ಪಾಪಕ್ಕೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವೇ ಇಲ್ಲವೆನ್ನುವರು. ಮತ್ತೊಬ್ಬರು ಸುಶ್ರುತನ ಮೂಢಗರ್ಭಚಿಕಿತ್ಸೆಯನ್ನು ಮುಂದಿಟ್ಟು, ಶಾಸ್ತ್ರವೇ ಇದನ್ನು ಒಪ್ಪಿದೆಯೆನ್ನುವರು. ಈ ಎರಡು ವಾದಗಳಲ್ಲಿಯೂ ಇರುವ ದೋಷವು ಒಂದೇ. ಪಾಪಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸುವ ಗ್ರಂಥ, ರಾಜನಿಗೆ ದಂಡವನ್ನು ಹೇಳಿಕೊಡುವ ಗ್ರಂಥ, ವೈದ್ಯನ ಕೈಯನ್ನು ನಡೆಸುವ ಗ್ರಂಥ, ಕುಲದವರು ಮಾಡತಕ್ಕುದನ್ನು ತಿಳಿಸುವ ಗ್ರಂಥ, ಇವುಗಳ ಪ್ರಶ್ನೆಗಳು ಬೇರೆ ಬೇರೆ. ನಿಷೇಧವು ಎಲ್ಲದರಲ್ಲಿಯೂ ಇರಬಹುದು. ಆದರೆ ಅದು ಯಾರನ್ನು ಕುರಿತು ಹೇಳಿದ್ದು, ಅದರಿಂದ ಮುಂದೆ ಯಾರಿಗೆ ಏನಾಗುವುದು ಎಂಬುದನ್ನು ನೋಡದೆ ನಿಷೇಧದ ಕಾಠಿನ್ಯವನ್ನು ಅಳೆಯಲಾಗದು. ಗ್ರಂಥಗಳ ಮಾತಿರಲಿ, ಒಂದೇ ಯಾಜ್ಞವಲ್ಕ್ಯಸ್ಮೃತಿಯ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂಬ ಮೂರು ಅಧ್ಯಾಯಗಳಲ್ಲಿಯೂ ಗರ್ಭನಾಶದ ಮಾತು ಬಂದಿರುವುದು. ಮೂರೆಡೆಗಳಲ್ಲಿ ಹೇಳಿದ ಫಲವೂ ಬೇರೆ ಬೇರೆಯಾಗಿರುವುದು.

ಮೊದಲು ಶಬ್ದವನ್ನೇ ವಿಚಾರಿಸಬೇಕು. ಭ್ರೂಣವೆಂದರೆ ಗರ್ಭಸ್ಥವಾದ ಶಿಶುವೆಂಬುದು ಈಗಿನ ರೂಢಿ. ಆದರೆ ಬೌಧಾಯನ ಗೃಹ್ಯಸೂತ್ರದಲ್ಲಿ ಬ್ರಾಹ್ಮಣ, ಶ್ರೋತ್ರಿಯ, ಅನೂಚಾನ, ಋಷಿಕಲ್ಪ ಎಂದು ವಿದ್ಯಾತಾರತಮ್ಯದಿಂದ ಮೇಲೇರುತ್ತ ಹೋಗುವ ಸೋಪಾನದಲ್ಲಿ ಋಷಿಕಲ್ಪನಿಗೆ ಮೇಲಿನ ಮೆಟ್ಟಿಲಿನವನಿಗೆ ಭ್ರೂಣನೆಂದೇ ಹೆಸರು. ಬೃಹದಾರಣ್ಯಕದಲ್ಲಿ ಸುಷುಪ್ತಿಯನ್ನು ವರ್ಣಿಸುವೆಡೆಯಲ್ಲಿ ಬರುವ ಭ್ರೂಣಹಶಬ್ದಕ್ಕೆ ಶಂಕರಭಗವತ್ಪಾದರು ಶ್ರೇಷ್ಠನಾದ ಬ್ರಾಹ್ಮಣನನ್ನು ಕೊಂದವನೆಂದೇ ಅರ್ಥಮಾಡಿರುವರು. ವಸಿಷ್ಠಧರ್ಮಸೂತ್ರವು ಬ್ರಾಹ್ಮಣನನ್ನು ಕೊಂದವನನ್ನೂ ಅವಿಜ್ಞಾತವಾದ ಗರ್ಭವನ್ನು ಕೊಂದವನನ್ನೂ ಒಟ್ಟಿಗೆ ಭ್ರೂಣಹನೆಂದು ಕರೆಯುವುದು. ಅದೇ ಗ್ರಂಥವು ಮುಂದೆ ಸ್ತ್ರೀಯರ ಪಾತಕಗಳು ಮೂರೆಂದು ಎಣಿಸುವಾಗ ಪತಿವಧೆ, ಭ್ರೂಣಹತ್ಯೆ, ಸ್ವಗರ್ಭಪಾತನ ಎಂದು ಬೇರೆ ಬೇರೆಯಾಗಿ ಹೇಳುವುದು. ಭ್ರೂಣಹತ್ಯೆಯೂ ಸ್ವಗರ್ಭಪಾತನವೂ ಒಂದೇ ಆಗಿದ್ದರೆ ಆ ಎಣಿಕೆಯಲ್ಲಿ ಮೂರು ಆಗುತ್ತಿರಲಿಲ್ಲ. ಆದುದರಿಂದ ಶ್ರುತಿಸ್ಮೃತಿಗಳಲ್ಲಿ ಭ್ರೂಣಹಶಬ್ದವು ಕಂಡಲ್ಲೆಲ್ಲ ಗರ್ಭಪಾತದ ನಿಷೇಧವಿದೆಯೆಂದು ಪಟ್ಟಿಮಾಡುವ ಆಧುನಿಕರ ಕ್ರಮವು ಅವಿಚಾರಿತವಾದುದು. ಪ್ರಕರಣವನ್ನು ನೋಡಿ ಅರ್ಥವನ್ನು ನಿರ್ಣಯಿಸಬೇಕೆಂಬುದು ಬಾಲವಿದ್ಯಾರ್ಥಿಗಳಿಗೂ ತಿಳಿದ ಮಾತು.

ಇನ್ನು 'ಅವಿಜ್ಞಾತ' ಎಂಬ ವಿಶೇಷಣದ ವಿಚಾರ. ಗೌತಮನೂ ಮನುವೂ ಅವಿಜ್ಞಾತಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ವ್ರತವನ್ನೇ ವಿಧಿಸಿರುವರು. ಇಲ್ಲಿ ಅವಿಜ್ಞಾತವೆಂದರೆ ಗಂಡೋ ಹೆಣ್ಣೋ ಎಂದು ತಿಳಿಯದುದು. ವಸಿಷ್ಠನು ಕಾರಣವನ್ನೂ ಮುಚ್ಚಿಡದೆ ಹೇಳುವನು: ತಿಳಿಯದ ಗರ್ಭಗಳನ್ನು ಪುರುಷರೆಂದೇ ಎಣಿಸತಕ್ಕದ್ದು. ಯಾಜ್ಞವಲ್ಕ್ಯನಾದರೋ ಗರ್ಭವನ್ನು ಕೊಂದವನ ಪ್ರಾಯಶ್ಚಿತ್ತವು ವರ್ಣಾನುಸಾರವಾಗಿರಬೇಕೆನ್ನುವನು. ಎಂದಮೇಲೆ ಈ ಗ್ರಂಥಗಳು ಗರ್ಭವನ್ನು ಕಾಪಾಡುವುದು ಜೀವಮಾತ್ರವೆಂಬ ದೃಷ್ಟಿಯಿಂದಲ್ಲ. ಮುಂದೆ ಯಾವನು ಆಗಬಹುದಾಗಿತ್ತೋ ಅವನ ಯೋಗ್ಯತೆಯ ದೃಷ್ಟಿಯಿಂದ. ಇದನ್ನು ಮರೆಮಾಚಿ ಸ್ಮೃತಿಕಾರರನ್ನು ಇಂದಿನ ಜೀವಹಕ್ಕಿನ ವಾದಿಗಳೊಡನೆ ಕೂಡಿಸುವುದು ಸ್ಮೃತಿಗಳಿಗೂ ನ್ಯಾಯವಲ್ಲ, ವಾದಿಗಳಿಗೂ ನ್ಯಾಯವಲ್ಲ. ಪ್ರಸಂಗವಶಾತ್ ಒಂದು ಮಾತು. ಯಂತ್ರದಿಂದ ಗರ್ಭದ ಲಿಂಗವನ್ನು ತಿಳಿಯುವ ಕಾಲ ಬಂದಮೇಲೆ, 1994ರಲ್ಲಿ ಭಾರತ ಸರ್ಕಾರವು ಆ ತಿಳಿವಳಿಕೆಯನ್ನೇ ಕಾಯಿದೆಯ ಮೂಲಕ ನಿಷೇಧಿಸಬೇಕಾಯಿತು. ಗರ್ಭವು ಅವಿಜ್ಞಾತವಾಗಿಯೇ ಉಳಿಯಬೇಕೆಂಬುದು ಇಲ್ಲಿಯ ವಿಧಿ. ಗಂಡಾಗಿರಬಹುದೆಂದು ವಸಿಷ್ಠನು ಕಾಪಾಡಿದ ಗರ್ಭವನ್ನು, ಹೆಣ್ಣಾಗಿರಬಹುದೆಂದು ಈ ಕಾಯಿದೆಯು ಕಾಪಾಡುತ್ತಿರುವುದು.

ಪ್ರಾಯಶ್ಚಿತ್ತವಿಭಾಗದಿಂದ ದಂಡವಿಭಾಗಕ್ಕೆ ಬಂದರೆ ಮಾತಿನ ಧಾಟಿಯೇ ಬದಲಾಗುವುದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದೊಳಗೆ, ಹೊಡೆತದಿಂದ ಗರ್ಭವನ್ನು ಬೀಳಿಸಿದವನಿಗೆ ಉತ್ತಮದಂಡ, ಔಷಧದಿಂದ ಬೀಳಿಸಿದವನಿಗೆ ಮಧ್ಯಮದಂಡ, ಪೀಡಿಸಿ ಬೀಳುವಂತೆ ಮಾಡಿದವನಿಗೆ ಪೂರ್ವಸಾಹಸದಂಡ ಎಂದಿರುವುದು. ಪಾಪದ ಹೆಸರೇ ಇಲ್ಲಿಲ್ಲ. ಉಪಾಯಭೇದದಿಂದ ದಂಡಭೇದ ಮಾತ್ರ. ಈ ಸೂತ್ರವು ಹೊಡೆದಾಟ, ಗಾಯ, ಸಾವು ಇವುಗಳ ನಡುವೆ ನಿಂತಿರುವುದನ್ನು ಗಮನಿಸಬೇಕು. ಗರ್ಭಿಣಿಯು ಇಲ್ಲಿ ಪೆಟ್ಟು ತಿಂದವಳು. ದಂಡನೀಯನು ಪೆಟ್ಟು ಕೊಟ್ಟವನು. ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯವೂ ಶಸ್ತ್ರಪ್ರಹಾರದೊಡನೆಯೇ ಗರ್ಭಪಾತನವನ್ನು ಸೇರಿಸಿ ಎರಡಕ್ಕೂ ಉತ್ತಮದಂಡವೆಂದಿರುವುದು. ಹಾಗೆಂದು ಈ ದಂಡಗ್ರಂಥಗಳು ಸ್ತ್ರೀಯರಲ್ಲಿ ಮೃದುವಾಗಿದ್ದವೆಂದು ಹೇಳಕೂಡದು. ತನ್ನ ಸಂತಾನವನ್ನು ಕೊಂದವಳಿಗೆ ಎರಡರಲ್ಲಿಯೂ ಎತ್ತುಗಳಿಂದ ಕೊಲ್ಲಿಸುವ ಘೋರದಂಡವಿರುವುದು. ಅಲ್ಲಿಯೂ ಯಾಜ್ಞವಲ್ಕ್ಯನು, ಅವಳು ಗರ್ಭಿಣಿಯಾಗಿರದಿದ್ದರೆ ಎಂದು ಸೇರಿಸಲು ಮರೆತಿಲ್ಲ.

1862ನೆಯ ಇಸವಿಯಿಂದ ಜಾರಿಗೆ ಬಂದ 1860ರ ಇಂಡಿಯನ್ ಪೀನಲ್ ಕೋಡೂ ಇದೇ ದಂಡವರ್ಗಕ್ಕೆ ಸೇರಿದುದು. ಆದರೆ ಅದರ 312ನೆಯ ಪ್ರಕರಣವು ಕೌಟಿಲ್ಯನು ಹಿಡಿಯದ ದಾರಿಯನ್ನು ಹಿಡಿದಿರುವುದು. ಸ್ತ್ರೀಯ ಪ್ರಾಣವನ್ನು ಉಳಿಸುವ ಸದುದ್ದೇಶವಿಲ್ಲದೆ ಗರ್ಭವನ್ನು ಬೀಳಿಸಿದವರಿಗೆ 3 ವರ್ಷದವರೆಗೂ, ಗರ್ಭದಲ್ಲಿ ಚಲನೆ ತೋರಿದಮೇಲಾದರೆ 7 ವರ್ಷದವರೆಗೂ ಸೆರೆಯೆಂದು ಹೇಳಿ, ತನ್ನ ಗರ್ಭವನ್ನು ತಾನೇ ಬೀಳಿಸಿಕೊಂಡ ಸ್ತ್ರೀಯೂ ಈ ಪ್ರಕರಣದೊಳಗೆ ಬರುವಳೆಂದು ವಿವರಣೆಯನ್ನು ಕೊಟ್ಟಿರುವುದು. ಪೆಟ್ಟು ತಿಂದವಳೂ ಪೆಟ್ಟು ಕೊಟ್ಟವನೂ ಒಂದೇ ಕಟಕಟೆಯಲ್ಲಿ ನಿಲ್ಲಬಹುದಾಯಿತು. ಅವಳ ಸಮ್ಮತಿಯಿಲ್ಲದೆ ಮಾಡಿದ್ದಕ್ಕೆ 313ನೆಯ ಪ್ರಕರಣವು ಹೆಚ್ಚಿನ ಶಿಕ್ಷೆಯನ್ನು ಬೇರೆಯಾಗಿ ಹೇಳಿತು. 2024ನೆಯ ಇಸವಿಯ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯ 88ನೆಯ ಪ್ರಕರಣದಲ್ಲಿ ಅಂಕಿ ಬದಲಾಗಿದೆಯೇ ಹೊರತು ಆ ವಿವರಣೆಯು ಹೋಗಿಲ್ಲ.

ವೈದ್ಯಗ್ರಂಥಗಳ ಪ್ರಶ್ನೆಯು ಇವೆಲ್ಲಕ್ಕಿಂತ ಭಿನ್ನವಾದುದು. ನಾಲ್ಕನೆಯ ತಿಂಗಳವರೆಗೆ ಜಾರಿದರೆ ಸ್ರಾವ, ಶರೀರವು ಗಟ್ಟಿಯಾದಮೇಲೆ ಐದಾರನೆಯ ತಿಂಗಳಲ್ಲಾದರೆ ಪಾತ ಎಂದು ಸುಶ್ರುತನು ವಿಭಾಗಿಸುವನು. ನಾಲ್ಕನೆಯ ತಿಂಗಳಲ್ಲಿ ಚೈತನ್ಯವು ವ್ಯಕ್ತವಾಗುವುದೆಂದೂ ತಾಯಿಗೆ ಆಗ ಎರಡು ಹೃದಯಗಳೆಂದೂ ಹೇಳುವನು. ಕನ್ನಡಿಗರ ಮನೆಗಳಲ್ಲಿ ಬಸುರಿಯ ಬಯಕೆಯನ್ನು ತೀರಿಸುವ ಪದ್ಧತಿಗೆ ಶಾಸ್ತ್ರದ ಆಧಾರವು ಇದೇ. ಮೂಢಗರ್ಭಚಿಕಿತ್ಸೆಯಲ್ಲಿ ಜೀವವಿರುವ ಶಿಶುವನ್ನು ಶಸ್ತ್ರದಿಂದ ಸೀಳಕೂಡದೆಂದು ಖಂಡಿತವಾಗಿ ನಿಷೇಧಿಸಿರುವುದು ನಿಜ. ಆದರೆ ಅದಕ್ಕೆ ಕೊಟ್ಟ ಕಾರಣವು ಪಾಪವಲ್ಲ, ದಂಡವಲ್ಲ. ಸೀಳಿದರೆ ತಾಯಿಯೂ ಶಿಶುವೂ ಇಬ್ಬರೂ ಸಾಯುವರೆಂಬುದು. ಸತ್ತ ಗರ್ಭವನ್ನಾದರೋ ಮುಹೂರ್ತಮಾತ್ರವೂ ಉಪೇಕ್ಷಿಸದೆ ಹೊರತೆಗೆಯಬೇಕು, ಇಲ್ಲವಾದರೆ ಅದು ತಾಯಿಯನ್ನು ಕೊಲ್ಲುವುದು. ಹೀಗಿರಲು ಸುಶ್ರುತನು ಗರ್ಭಪಾತವನ್ನು ಒಪ್ಪಿದನೆಂಬುದೂ ನಿಷೇಧಿಸಿದನೆಂಬುದೂ ಅಪ್ರಸಕ್ತವಾದ ಮಾತುಗಳು. ಹಾಸಿಗೆಯ ಮೇಲೆ ಮಲಗಿರುವವಳು ಬದುಕುವಳೇ ಎಂಬುದೊಂದೇ ಅವನ ಪ್ರಶ್ನೆ. ಅಂಥ ಕಷ್ಟದ ಕ್ರಿಯೆಗೆ ಕೈಹಾಕುವ ಮೊದಲು ಅಧಿಪತಿಯನ್ನು ಕೇಳಬೇಕೆಂದೂ ಅವನು ಹೇಳಿರುವನು.

ಈ ಪ್ರಶ್ನೆಯನ್ನು ದಂಡಗ್ರಂಥದಿಂದ ಬಿಡಿಸಿ ವೈದ್ಯನಿಗೆ ಒಪ್ಪಿಸಿದುದು 1971ರ ವೈದ್ಯಕೀಯ ಗರ್ಭಪಾತದ ಕಾಯಿದೆ. 12 ವಾರದವರೆಗೆ ಒಬ್ಬ ವೈದ್ಯನ, 20 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕೆಂದು ಅದು ಗೊತ್ತುಮಾಡಿತು; 2021ರ ತಿದ್ದುಪಡಿಯಿಂದ ಆ ಅವಧಿಗಳು 20, 24 ವಾರಗಳಾದುವು, ಎರಡನೆಯದು ಕೆಲವು ವರ್ಗದ ಸ್ತ್ರೀಯರಿಗೆ ಮಾತ್ರ. ಅವಿವಾಹಿತೆಯರೂ ಆ ವರ್ಗದಲ್ಲಿ ಸೇರುವರೆಂದು 2022ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಸುಶ್ರುತನ ಅಧಿಪತಿಯ ಸ್ಥಾನದಲ್ಲಿ ಈಗ ಪ್ರಾಪ್ತವಯಸ್ಕಳಾದ ಆ ಸ್ತ್ರೀಯ ಸಮ್ಮತಿಯೇ ಇರುವುದು; ಗಂಡನನ್ನು ಕೇಳಬೇಕೆಂಬ ವಿಧಿಯಿಲ್ಲ. ಆದರೂ ಕಾಯಿದೆಯು ಹೇಳಿದ ಎಲ್ಲೆಯ ಹೊರಗೆ ಹಳೆಯ ದಂಡಪ್ರಕರಣವು ಹಾಗೆಯೇ ಕಾದು ನಿಂತಿರುವುದರಿಂದ, ವೈದ್ಯರು ರೋಗಿಯ ಮುಖವನ್ನು ನೋಡುವಷ್ಟೇ ಕ್ಯಾಲೆಂಡರನ್ನೂ ನೋಡುವಂತಾಗಿದೆ.

ಇನ್ನುಳಿದುದು ಕುಲಧರ್ಮದ ವಿಚಾರ. ಕೋರ್ಟಿನ ಮೆಟ್ಟಿಲನ್ನು ಕಾಣದ ಅಸಂಖ್ಯಾತ ಸ್ತ್ರೀಯರ ಬಾಳು ನಿರ್ಣಯವಾದುದು ಇಲ್ಲಿಯೇ ಆದಕಾರಣ ಇದನ್ನು ತುಸು ವಿಸ್ತರಿಸಬೇಕು. ಪರಾಶರನು ನಾಲ್ಕನೆಯ ಅಧ್ಯಾಯದಲ್ಲಿ ಗರ್ಭಪಾತನದ ಪಾಪವು ಬ್ರಹ್ಮಹತ್ಯೆಗೆ ಇಮ್ಮಡಿಯೆಂದೂ, ಅವಳಿಗೆ ಪ್ರಾಯಶ್ಚಿತ್ತವಿಲ್ಲವೆಂದೂ, ತ್ಯಾಗವೇ ವಿಹಿತವೆಂದೂ ಹೇಳಿರುವನು. ಇಮ್ಮಡಿಯೆಂಬುದನ್ನು ಮೀಮಾಂಸಕರ ರೀತಿಯಲ್ಲಿ ನಿಂದಾರ್ಥವಾದವೆಂದು ತಳ್ಳಿಬಿಡಬಹುದೆಂದು ಕೆಲವರು ಎನ್ನಬಹುದು. ಅದು ಸಾಲದು. ನಿಂದೆಯು ಅರ್ಥವಾದವಾದರೂ ತ್ಯಾಗವು ವಿಧಿಯಾಗಿಯೇ ಉಳಿಯುವುದು. ಆದುದರಿಂದ ತ್ಯಾಗವೆಂದರೇನೆಂಬುದನ್ನು ನಿಶ್ಚಯಿಸಬೇಕು.

ಇದನ್ನು ನಿಶ್ಚಯಿಸಿ ಕೊಟ್ಟವನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076-1126) ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು. ಗರ್ಭವಧೆ ಮುಂತಾದುವುಗಳಲ್ಲಿ ಸ್ತ್ರೀಯನ್ನು ತ್ಯಜಿಸಬೇಕೆಂಬ ಯಾಜ್ಞವಲ್ಕ್ಯವಚನವನ್ನು ವ್ಯಾಖ್ಯಾನಿಸುತ್ತ ಅವನು, ಈ ತ್ಯಾಗವು ದಾಂಪತ್ಯಭೋಗಕ್ಕೂ ಧರ್ಮಕಾರ್ಯಕ್ಕೂ ಸಂಬಂಧಿಸಿದುದು, ಮನೆಯಿಂದ ಹೊರಡಿಸುವುದೆಂದರ್ಥವಲ್ಲ ಎಂದು ಸ್ಪಷ್ಟಪಡಿಸುವನು. ಅದಕ್ಕೆ ಅವನು ಕೊಡುವ ಆಧಾರವು, ಅಂಥವಳನ್ನು ಒಂದು ಮನೆಯಲ್ಲಿ ತಡೆದಿರಿಸಬೇಕೆಂಬ ನಿಯಮ. ಇದನ್ನು ದಯೆಯೆಂದು ಯಾರೂ ಹಾಡಿಹೊಗಳಬೇಕಾಗಿಲ್ಲ. ವ್ಯಭಿಚಾರಿಣಿಯು ಅಧಿಕಾರವನ್ನು ಕಳೆದುಕೊಂಡು, ಮಲಿನವಸ್ತ್ರದಲ್ಲಿ, ತುತ್ತು ಅನ್ನದ ಮೇಲೆ, ನೆಲದಲ್ಲಿ ಮಲಗಿ ಬದುಕಬೇಕೆಂದು ಅದೇ ಪ್ರಕರಣದಲ್ಲಿ ಹೇಳಿರುವುದು. ಆದರೆ ಸೂರು ತಪ್ಪಲಿಲ್ಲ.

ಪ್ರಾಯಶ್ಚಿತ್ತಾಧ್ಯಾಯದ ಕೊನೆಯ ಭಾಗವು ಇನ್ನೂ ಮುಖ್ಯವಾದುದು. ಪತಿತನಾದವನು ಸತ್ತನೆಂದೇ ಭಾವಿಸಿ ಬಂಧುಗಳು ದಾಸಿಯ ಕೈಯಲ್ಲಿ ನೀರಿನ ಕೊಡವನ್ನು ಗ್ರಾಮದ ಹೊರಗೆ ಚೆಲ್ಲಿಸಿ ಅವನನ್ನು ಎಲ್ಲ ಕಾರ್ಯಗಳಿಂದಲೂ ಹೊರಗಿಡಬೇಕೆಂದು ಯಾಜ್ಞವಲ್ಕ್ಯನು ವಿಧಿಸುವನು. ಪತಿತರಾದ ಸ್ತ್ರೀಯರಿಗೂ ಇದೇ ವಿಧಿಯೆಂದು ಹೇಳಿ, ಅದೇ ಶ್ಲೋಕದ ಉತ್ತರಾರ್ಧದಲ್ಲಿ, ಅವರಿಗೆ ಮನೆಯ ಹತ್ತಿರವೇ ವಾಸ, ಅನ್ನ, ವಸ್ತ್ರ, ರಕ್ಷಣೆಗಳನ್ನು ಕೊಡಬೇಕೆಂದು ಕೂಡಿಸುವನು. ಮನುವಿನ ಮತವೂ ಇದೇ. ಇದಾದ ಕೂಡಲೆ ಬರುವ ಶ್ಲೋಕವು ಸ್ತ್ರೀಯರನ್ನು ವಿಶೇಷವಾಗಿ ಪತಿತರನ್ನಾಗಿ ಮಾಡುವ ಕರ್ಮಗಳನ್ನು ಹೇಳುವುದು, ಗರ್ಭಪಾತನವು ಅವುಗಳಲ್ಲೊಂದು. ಅಂದಮೇಲೆ ವಾಸಾನ್ನಗಳ ವಿಧಿಯು ಗರ್ಭಪಾತನವನ್ನು ಮರೆತು ಹೇಳಿದ್ದಲ್ಲ, ಅದನ್ನು ಎದುರಿಗಿಟ್ಟುಕೊಂಡೇ ಹೇಳಿದ್ದು. ಸಂಪೂರ್ಣವಾಗಿ ಬಿಡತಕ್ಕ ಸ್ತ್ರೀಯರು ನಾಲ್ವರೆಂದು ವಸಿಷ್ಠನು ಹೆಸರಿಸುವ ಪಟ್ಟಿಯಲ್ಲಿಯೂ ಪತಿಘ್ನಿಯಿರುವಳು, ಗರ್ಭವನ್ನು ಬೀಳಿಸಿಕೊಂಡವಳಿಲ್ಲ.

ಆಚರಣೆಯು ಪೂರ್ವಾರ್ಧವನ್ನು ಹಿಡಿದು ಉತ್ತರಾರ್ಧವನ್ನು ಬಿಟ್ಟಿತು. ವಿಧವೆಯರ ವಿಷಯದಲ್ಲಿ ಇದು ಎಲ್ಲಕ್ಕಿಂತ ಕ್ರೂರವಾಗಿ ಪರಿಣಮಿಸಿತು. 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವಾವಿವಾಹಕ್ಕೆ ಆಧಾರವಾಗಿ ಎತ್ತಿಕೊಂಡ ಪರಾಶರವಚನವು ಮೇಲೆ ಹೇಳಿದ ನಾಲ್ಕನೆಯ ಅಧ್ಯಾಯದಲ್ಲಿಯೇ, ತ್ಯಾಗದ ಶ್ಲೋಕಕ್ಕೆ ಸ್ವಲ್ಪ ಮುಂದೆಯೇ ಇರುವುದು. ವಿವಾಹವನ್ನು ತಡೆದುದರ ಫಲವೇ ಭ್ರೂಣಹತ್ಯೆಗಳೆಂದು ಅವರು ವಾದಿಸಿದರು. ವಿಜಯನಗರದ ಮಾಧವಾಚಾರ್ಯನು ಪರಾಶರಮಾಧವೀಯದಲ್ಲಿ ಪುನರ್ವಿವಾಹದ ವಚನವು ಯುಗಾಂತರಕ್ಕೆ ಸಲ್ಲುವುದೆಂದು ಹೇಳಿದ್ದನು. ಲೋಕವು ಪುನರ್ವಿವಾಹವನ್ನು ಬೇರೆ ಯುಗಕ್ಕೆ ಕಳುಹಿಸಿ, ತ್ಯಾಗವನ್ನು ಮಾತ್ರ ಈ ಯುಗಕ್ಕೇ ಉಳಿಸಿಕೊಂಡಿತು. 1863ರಲ್ಲಿ ಜೋತಿರಾವ್ ಫುಲೆಯವರು ಪುಣೆಯಲ್ಲಿ ಗರ್ಭಿಣಿಯರಾದ ವಿಧವೆಯರಿಗೆ ಆಶ್ರಯಗೃಹವನ್ನು ತೆರೆದುದು, ಬಂಧುಗಳು ಕೊಡತಕ್ಕ ವಾಸವನ್ನು ಬಂಧುಗಳು ಕೊಡದೆಹೋದುದರಿಂದ.

ದಂಡಗ್ರಂಥವೂ ವೈದ್ಯಗ್ರಂಥವೂ ಹೇಳಲಾರದ ಈ ಅಂಶಕ್ಕೆ ಕನ್ನಡದಲ್ಲಿ ಸಾಕ್ಷಿಯಾಗಿರುವುದು ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ವೆಂಬ ಕಥೆ. 1977ರಲ್ಲಿ ಗಿರೀಶ್ ಕಾಸರವಳ್ಳಿಯವರು ಅದನ್ನು ಚಲಚ್ಚಿತ್ರವಾಗಿ ತೆಗೆದರು. ವೇದಪಾಠ ಹೇಳುವ ತಂದೆ, ಬಸುರಾಗಿ ಗರ್ಭವನ್ನು ತೆಗೆಸಿಕೊಂಡ ವಿಧವೆ ಮಗಳು, ಅವಳನ್ನು ಅಕ್ಕನಂತೆ ಹಚ್ಚಿಕೊಂಡ ಪಾಠಶಾಲೆಯ ಹುಡುಗ. ಕಥೆಯನ್ನು ಕಾಣುವುದು ಆ ಹುಡುಗನ ಕಣ್ಣಿನಿಂದ. ಹುಡುಗನಿಗೆ ನಿಷೇಧವಾವುದೆಂದೂ ದಂಡವಾವುದೆಂದೂ ತಿಳಿಯದು. ಅವಳು ಇನ್ನು ಮನೆಯಲ್ಲಿಲ್ಲವೆಂಬುದು ಮಾತ್ರ ತಿಳಿಯುವುದು. ಬದುಕಿರುವ ಮಗಳಿಗೆ ತಂದೆಯು ಘಟಶ್ರಾದ್ಧವನ್ನು ಮಾಡುವನು. ಈ ಕಥೆಯನ್ನು ಪಾಠಹೇಳುವ ಅಧ್ಯಾಪಕರು ಮಿತಾಕ್ಷರೆಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಕೊಡ ಚೆಲ್ಲುವ ಪ್ರಕರಣವನ್ನು ತೆರೆದು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆ ತಂದೆಯು ಶ್ಲೋಕದ ಪೂರ್ವಾರ್ಧವನ್ನು ಲೋಪವಿಲ್ಲದೆ ನಡೆಸಿರುವನು. ವಾಸ, ಅನ್ನ, ವಸ್ತ್ರ, ರಕ್ಷಣೆಗಳನ್ನು ಹೇಳುವ ಉತ್ತರಾರ್ಧವು ಆ ಅಗ್ರಹಾರದಲ್ಲಿ ಯಾರ ಬಾಯಿಯಿಂದಲೂ ಬರಲಿಲ್ಲ.