ದುರಸ್ತಿಗೆ ಕರೆಯುವ ಅಧಿಕಾರ ಯಾರದು?

ನಮ್ಮ ಶಾಲೆಯ ಗಣಕಯಂತ್ರಗಳ ಕೊಠಡಿಗೆ ಒಮ್ಮೆ 23 ದಿನ ಬೀಗ ಬಿದ್ದಿತ್ತು. ಕಳ್ಳತನವಾಗಿರಲಿಲ್ಲ, ಹಣದ ಅಭಾವವೂ ಇರಲಿಲ್ಲ. ಯಂತ್ರಗಳು ಕೆಟ್ಟರೆ ಬಂದು ಸರಿಪಡಿಸಿಕೊಡಬೇಕಾದ ಕಂಪನಿಗೆ ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿಯೇ ಸಲ್ಲಿಸಿಯಾಗಿತ್ತು. ಆದರೂ ಮಕ್ಕಳು ಮುಚ್ಚಿದ ಬಾಗಿಲನ್ನು ನೋಡಿಕೊಂಡೇ ತರಗತಿಗೆ ಹೋಗುತ್ತಿದ್ದರು. ಕಾರಣ ಒಂದೇ: ದುರಸ್ತಿಯವರನ್ನು ಕರೆಯುವ ಅಧಿಕಾರ ನಮಗಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಾದ ನಮಗೇ ಇರಲಿಲ್ಲ.

ಇದು ನಮ್ಮೊಬ್ಬರ ಶಾಲೆಯ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ಈಗ ನೀರು ಶುದ್ಧಿಮಾಡುವ ಯಂತ್ರ, ಸೌರ ಪಂಪು, ಬ್ಯಾಟರಿ, ಟಿ.ವಿ. ಮುಂತಾದವು ಹಳ್ಳಿಯ ಮನೆಮನೆಗೂ ಬಂದಿವೆ. ಅವುಗಳೊಡನೆ ‘ಸೇವಾ ಕರಾರು’ ಎಂಬ ಕಾಗದವೂ ಬಂದಿದೆ. ಯಂತ್ರವನ್ನು ನಾವು ಒರೆಸಿ ಇಡುತ್ತೇವೆ. ಕಾಗದವನ್ನು ಓದದೆ ಪೆಟ್ಟಿಗೆಗೆ ಸೇರಿಸುತ್ತೇವೆ. ಆ ಕಾಗದದ ಬೆಲೆ ತಿಳಿಯುವುದು ಯಂತ್ರ ನಿಂತ ದಿನ.

ನಡೆದದ್ದು ಇಷ್ಟು

ನಮ್ಮದು ಗುಡಿಬಂಡೆ ಭಾಗದ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ. ಊರಿನ ಹಳೆಯ ವಿದ್ಯಾರ್ಥಿಗಳು ತಮ್ಮ ಸಂಪಾದನೆಯಲ್ಲಿ ಉಳಿಸಿದ ಹಣವನ್ನು ಕೂಡಿಸಿ ಐದು ಗಣಕಯಂತ್ರಗಳನ್ನೂ ಒಂದು ಯು.ಪಿ.ಎಸ್. ಅನ್ನೂ ಕೊಡಿಸಿದರು. ವರ್ಷ ವರ್ಷದ ಎ.ಎಂ.ಸಿ. ಶುಲ್ಕವನ್ನೂ ತಾವೇ ಕಟ್ಟುವುದಾಗಿ ಒಪ್ಪಿಕೊಂಡರು. ನಾವು ಈ ಶಾಲೆಗೆ ವರ್ಗವಾಗಿ ಬಂದ ಎರಡನೆಯ ತಿಂಗಳಿನಲ್ಲಿ ಯು.ಪಿ.ಎಸ್. ಕೆಟ್ಟಿತು. ಕಾಗದದಲ್ಲಿದ್ದ ಸಂಖ್ಯೆಗೆ ದೂರವಾಣಿ ಮಾಡಿದೆವು. ಆ ಕಡೆಯವರು ಹಿಂದಿಯಲ್ಲಿ ಆರಂಭಿಸಿ, ಇಂಗ್ಲಿಷಿಗೆ ಹೊರಳಿ, ಕೊನೆಗೆ ತೆಲುಗಿನಲ್ಲಿ ನಿಂತರು. ಕೇಳಿದ್ದು ಒಂದೇ ಪ್ರಶ್ನೆ: ‘ಕರಾರಿನಲ್ಲಿ ನೋಂದಾಯಿಸಿದ ವ್ಯಕ್ತಿ ತಾವೇನು?’

ಅಲ್ಲ. ನೋಂದಾಯಿತರಾಗಿದ್ದವರು ಹಿಂದಿನ ಮುಖ್ಯೋಪಾಧ್ಯಾಯರು. ಅವರು ನಿವೃತ್ತರಾಗಿ ಬೆಂಗಳೂರಿನಲ್ಲಿ ಮಗನ ಮನೆ ಸೇರಿದ್ದರು. ದೂರು ದಾಖಲಾಗಬೇಕಾದರೆ ಜನ ಓ.ಟಿ.ಪಿ. ಎಂದು ಕರೆಯುವ ಗುಪ್ತಸಂಖ್ಯೆ ಅವರ ಮೊಬೈಲಿಗೆ ಹೋಗಬೇಕು; ಅದನ್ನು ಅವರು ಓದಿ ಹೇಳಬೇಕು. ಆದರೆ ಆ ಮೊಬೈಲ್ ಸಂಖ್ಯೆಯನ್ನು ಅವರು ಬಿಟ್ಟು ಬಹಳ ದಿನವಾಗಿತ್ತು. ಹೇಗೋ ಅವರ ಹೊಸ ಸಂಖ್ಯೆ ಹುಡುಕಿ ಮಾತನಾಡಿದೆವು. ‘ಅಯ್ಯೋ ಮೇಷ್ಟ್ರೆ, ಬೀಗದ ಕೈಗಳನ್ನೆಲ್ಲ ಎಣಿಸಿ ಕೊಟ್ಟು ಬಂದೆ. ಇದೊಂದು ಬೀಗದ ಕೈ ನನ್ನ ಜೇಬಿನಲ್ಲೇ ಉಳಿಯಿತೆಂದು ಹೊಳೆಯಲೇ ಇಲ್ಲವಲ್ಲ!’ ಎಂದು ಅವರು ಪೇಚಾಡಿಕೊಂಡರು.

ಅನಂತರ ಪತ್ರ ವ್ಯವಹಾರ. ಮಂಡಲ ವಿದ್ಯಾಧಿಕಾರಿಗಳಿಂದ ದೃಢೀಕರಣ ಪತ್ರ ತಂದು ಕಳುಹಿಸಿದೆವು. ಹೆಸರು ಬದಲಾಯಿತು. ಮೆಕ್ಯಾನಿಕ್ ಹೊರಟನೆಂಬ ಸುದ್ದಿಯೂ ಬಂತು. ಆದರೆ ಅವನು ಹೋದದ್ದು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆಗೆ! ಅಲ್ಲಿಯೂ ಒಂದು ಗುಡಿಬಂಡೆಯಿದೆ ಎಂಬುದು ನಮ್ಮ ಓದುಗರಿಗೆ ಗೊತ್ತು, ಕಂಪನಿಯವರಿಗೆ ಗೊತ್ತಿರಲಿಲ್ಲ. ಜೊತೆಗೆ ಮಡಕಶಿರಾ ಸೀಮೆಯು 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಾಗದದಲ್ಲಿ ಹಳೆಯ ಜಿಲ್ಲೆಯೇ ಉಳಿದಿತ್ತು. ಸಿರಾ ಪಟ್ಟಣ ನಮಗೆ ಹತ್ತಿರ. ಅಲ್ಲಿ ಆ ಕಂಪನಿಯ ಮೆಕ್ಯಾನಿಕ್ ಇದ್ದ. ಆದರೆ ಅವನು ಕರ್ನಾಟಕ ಶಾಖೆಯವನು, ನಾವು ಆಂಧ್ರ ಶಾಖೆಯವರು. ಆದ್ದರಿಂದ ನೂರು ಕಿಲೋಮೀಟರಿಗೂ ಆಚೆಯ ಅನಂತಪುರದಿಂದಲೇ ಬರಬೇಕಾಯಿತು. 23ನೆಯ ದಿನ ಬಂದವನು 20 ನಿಮಿಷದಲ್ಲಿ ಕೆಲಸ ಮುಗಿಸಿ ಎದ್ದ.

ಎರಡನೆಯ ತಪ್ಪು ನಮ್ಮದು

ಇಲ್ಲಿಗೆ ಕಥೆ ಮುಗಿದಿದ್ದರೆ ತಪ್ಪನ್ನೆಲ್ಲ ಕಂಪನಿಯ ಮೇಲೆ ಹೊರಿಸಿ ನಾವು ನೆಮ್ಮದಿಯಿಂದಿರಬಹುದಿತ್ತು. ಆದರೆ ಮುಂದಿನದನ್ನು ಮುಚ್ಚಿಡುವುದು ಉಪಾಧ್ಯಾಯ ವೃತ್ತಿಗೆ ತಕ್ಕದ್ದಲ್ಲ.

ಹೆಸರು ಬದಲಾಯಿಸುವಾಗ ನಾವು ನಮ್ಮ ಸ್ವಂತ ಮೊಬೈಲ್ ಸಂಖ್ಯೆಯೊಂದನ್ನೇ ಕೊಟ್ಟೆವು. ಎರಡನೆಯ ಹೆಸರಿಗೆ ಜಾಗವಿತ್ತು, ಖಾಲಿ ಬಿಟ್ಟೆವು. ಮರುವರ್ಷ ನಮ್ಮ ತಾಯಿಯವರಿಗೆ ಕಾಯಿಲೆಯಾಗಿ ಎರಡು ವಾರ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಮೊಬೈಲನ್ನು ಬಹುಪಾಲು ಮುಚ್ಚಿಯೇ ಇಟ್ಟಿದ್ದೆವು. ಅದೇ ಸಮಯದಲ್ಲಿ ಎರಡು ಯಂತ್ರಗಳು ನಿಂತವು. ಸಹೋದ್ಯೋಗಿ ಉಪಾಧ್ಯಾಯಿನಿಯವರು ಕಂಪನಿಗೆ ಕರೆ ಮಾಡಿದರೆ ಅದೇ ಉತ್ತರ: ‘ತಮ್ಮ ಹೆಸರು ಪಟ್ಟಿಯಲ್ಲಿಲ್ಲ.’ ನಾವು ಮರಳಿ ಬರುವಷ್ಟರಲ್ಲಿ ಕರಾರಿನ ಅವಧಿ ಮುಗಿದು ನಾಲ್ಕು ದಿನವಾಗಿತ್ತು. ಮುಗಿಯಲಿದೆ ಎಂಬ ಸೂಚನೆಯೂ ನಮ್ಮ ಮೊಬೈಲಿಗೇ ಬಂದು ಅಲ್ಲಿಯೇ ಮಲಗಿತ್ತು. ದುರಸ್ತಿಗೆ ಬೇರೆ ಹಣ ತೆರಬೇಕಾಯಿತು. ‘ಸಾರ್, ನನ್ನ ಹೆಸರನ್ನೂ ಸೇರಿಸಿದ್ದಿದ್ದರೆ ಮಕ್ಕಳಿಗೆ ಇಷ್ಟು ದಿನ ನಷ್ಟವಾಗುತ್ತಿರಲಿಲ್ಲ’ ಎಂದು ಅವರು ಮೆಲ್ಲಗೆ ಹೇಳಿದರು. ಹಳೆಯ ವಿದ್ಯಾರ್ಥಿಗಳ ಮುಂದೆ ಲೆಕ್ಕ ಇಡುವಾಗ ನಮಗೆ ತಲೆ ಎತ್ತಲಾಗಲಿಲ್ಲ. ಹಿಂದಿನ ಮೇಷ್ಟ್ರು ಮರೆತು ಒಯ್ದ ಬೀಗದ ಕೈಯನ್ನು ನಾವು ತಿಳಿದೂ ತಿಳಿದೂ ಜೇಬಿಗೆ ಹಾಕಿಕೊಂಡಿದ್ದೆವು.

ಈ ಕಟ್ಟಳೆ ಏಕೆ?

ಹಣ ಕೊಟ್ಟ ಮೇಲೆ ಯಾರು ಕರೆದರೇನು ಎಂದು ಕೇಳುವುದು ಸಹಜ. ಆದರೆ ಕಟ್ಟಳೆಯಲ್ಲಿ ಅರ್ಥವಿದೆ. ಕರಾರು ಇಂಥ ಯಂತ್ರಕ್ಕೆ, ಇಂಥ ಅವಧಿಗೆ, ಇಂಥ ದೋಷಗಳಿಗೆ ಎಂದು ಆಗಿರುತ್ತದೆ. ಕರೆದವರಿಗೆಲ್ಲ ಹೋಗುತ್ತಿದ್ದರೆ ಹಣ ತೆತ್ತವರ ಸರದಿ ಹಿಂದೆ ಬೀಳುತ್ತದೆ. ಒಂದೇ ದೋಷವನ್ನು ಐವರು ಐದು ರೀತಿಯಲ್ಲಿ ಹೇಳಿದರೆ ಐದು ದೂರುಗಳಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ‘ನಾನು ಇಂಥ ಶಾಲೆಯವನು, ಗುಪ್ತಪದ ಬದಲಿಸಿಕೊಡಿ’ ಎಂದು ಯಾರೋ ಕರೆದಾಗ ನಂಬಿ ಬದಲಿಸಿಕೊಟ್ಟರೆ, ಮಕ್ಕಳ ವಿವರಗಳೆಲ್ಲ ಅನ್ಯರ ಪಾಲಾಗಬಹುದು. ಆದ್ದರಿಂದ ಬಾಗಿಲಿಗೆ ಬೀಗವಿರುವುದು ಸರಿ. ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳುವುದು ಸರಿಯಲ್ಲ. ಊರಿಗೆಲ್ಲ ಹಂಚುವುದೂ ಸರಿಯಲ್ಲ.

ಕೈಪಂಪಿನ ಅಂಚೆ ಕಾರ್ಡು

ಈ ಪ್ರಶ್ನೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ನಮ್ಮ ವಯಸ್ಸಿನವರಿಗೆ ‘ಇಂಡಿಯಾ ಮಾರ್ಕ್ 2’ ಕೈಪಂಪು ಚೆನ್ನಾಗಿ ನೆನಪಿದೆ. ಯುನಿಸೆಫ್ ಸಂಸ್ಥೆಯ ನೆರವಿನಿಂದ 1970ರ ದಶಕದಲ್ಲಿ ರೂಪುಗೊಂಡ ಈ ಪಂಪು ನಮ್ಮಂಥ ಬರದ ಸೀಮೆಗಳಿಗೆ ದೊಡ್ಡ ಆಸರೆಯಾಯಿತು. ಪಂಪು ಎಷ್ಟೇ ಗಟ್ಟಿಯಾದರೂ ಒಂದು ದಿನ ಕೆಡಲೇಬೇಕು. ಆಗ ಯಾರು, ಯಾರಿಗೆ ಹೇಳಬೇಕು?

ಅದಕ್ಕಾಗಿ ತಮಿಳುನಾಡಿನಲ್ಲಿ ಮೂರು ಹಂತಗಳ ಏರ್ಪಾಟೊಂದು ರೂಪುಗೊಂಡಿತು. ಊರಿನಲ್ಲಿ ಪಂಪಿನ ಬಳಿಯಲ್ಲೇ ವಾಸಿಸುವ ಒಬ್ಬ ಪಾಲಕ. ಬ್ಲಾಕ್ ಮಟ್ಟದಲ್ಲಿ ಒಬ್ಬ ಮೆಕ್ಯಾನಿಕ್. ಜಿಲ್ಲೆಯ ಮಟ್ಟದಲ್ಲಿ ವಾಹನ ಸಹಿತವಾದ ದುರಸ್ತಿ ತಂಡ. ಪಾಲಕನಿಗೆ ಅಲ್ಪಸ್ವಲ್ಪ ತರಬೇತಿ ಕೊಟ್ಟು, ಬೋಲ್ಟು ಬಿಗಿಯುವಂಥ ಸಣ್ಣ ಕೆಲಸಗಳನ್ನು ಒಪ್ಪಿಸುತ್ತಿದ್ದರು. ಅವನ ಕೈ ಮೀರಿದ ದೋಷ ಬಂದರೆ ತಿಳಿಸಲು ವಿಳಾಸ ಅಚ್ಚಾದ ಅಂಚೆ ಕಾರ್ಡುಗಳನ್ನು ಮೊದಲೇ ಕೊಟ್ಟಿರುತ್ತಿದ್ದರು.

ಆ ಅಂಚೆ ಕಾರ್ಡನ್ನು ನಾವು ಬಹಳ ಸಲ ನೆನೆದುಕೊಂಡಿದ್ದೇವೆ. ಇಂದಿನ ‘ನೋಂದಾಯಿತ ಮೊಬೈಲ್ ಸಂಖ್ಯೆ’ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಆದರೆ ಒಂದು ವ್ಯತ್ಯಾಸವಿದೆ. ಪಾಲಕ ಊರಿನಲ್ಲಿಲ್ಲದಿದ್ದರೆ ಅವನ ಮನೆಯವರು ಕಾರ್ಡನ್ನು ಬರೆದು ಹಾಕಬಹುದು. ಮೊಬೈಲಿನ ಗುಪ್ತಸಂಖ್ಯೆಯಾದರೋ ಒಡೆಯನೊಡನೆ ಊರು ಬಿಟ್ಟು ಹೋಗುತ್ತದೆ.

ಐದು ವರ್ಷದ ಗಡು

ಕೇಂದ್ರ ಸರ್ಕಾರವು 2004ರಲ್ಲಿ ಶಾಲೆಗಳಲ್ಲಿ ಗಣಕಯಂತ್ರ ಶಿಕ್ಷಣದ ಯೋಜನೆಯನ್ನು ಆರಂಭಿಸಿ, 2010ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಒಂದು ವಿಧಾನವೆಂದರೆ, ಖಾಸಗಿ ಸಂಸ್ಥೆಯೊಂದು ತಾನೇ ಯಂತ್ರಗಳನ್ನು ಹೂಡಿ, ಅವಧಿ ಮುಗಿಯುವ ತನಕ ನಡೆಸಿ, ಆಮೇಲೆ ಶಾಲೆಗೆ ಬಿಟ್ಟುಕೊಡುವುದು. ಸಾಮಾನ್ಯವಾಗಿ ಈ ಅವಧಿ ಐದು ವರ್ಷ. ಅವಧಿಯ ಮರುದಿನ ಯಂತ್ರವೇನೋ ಶಾಲೆಯದಾಗುತ್ತದೆ; ದುರಸ್ತಿಯ ಹಕ್ಕು ಮಾತ್ರ ಅಂದೇ ಕೊನೆಗೊಳ್ಳುತ್ತದೆ. ಆ ಮರುದಿನಕ್ಕೆ ಸಿದ್ಧತೆ ಮಾಡಿಕೊಳ್ಳದ ಶಾಲೆಯಲ್ಲಿ ಯಂತ್ರಗಳು ಧೂಳು ಹೊದ್ದು ಕೂರುವುದು ಸಹಜ.

ರೈತರ ಮಾತೂ ಇದೇ. 2019ರಲ್ಲಿ ಬಂದ ಪಿ.ಎಂ. ಕುಸುಮ್ ಯೋಜನೆಯ ಸೌರ ಪಂಪುಗಳನ್ನು ಐದು ವರ್ಷ ನಿರ್ವಹಿಸಿಕೊಡುವುದು ಹೂಡಿದವರ ಹೊಣೆ. ಹೊಲದಲ್ಲಿ ದುಡಿಯುವವನು ತಮ್ಮ, ಕಾಗದದಲ್ಲಿ ಹೆಸರಿರುವುದು ಅಣ್ಣನದು, ಮೊಬೈಲ್ ಸಂಖ್ಯೆ ಮಾತ್ರ ಅರ್ಜಿ ತುಂಬಿಕೊಟ್ಟ ಮಧ್ಯವರ್ತಿಯದು ಎಂದಾದರೆ, ಬೆಳೆ ಒಣಗುವಾಗ ದೂರು ಕೊಡುವವರು ಯಾರು?

ಮನೆಗಳಲ್ಲಿ ಇನ್ನೊಂದು ಬಗೆ. ಬೆಂಗಳೂರಿನಲ್ಲಿರುವ ಮಗ ಪ್ರೀತಿಯಿಂದ ತಂದೆತಾಯಿಯರಿಗೆ ಶೈತ್ಯಪೆಟ್ಟಿಗೆ ತರಿಸಿಕೊಡುತ್ತಾನೆ. ಹೆಸರು ಅವನದು, ಸಂಖ್ಯೆಯೂ ಅವನದೇ. ಅದು ಕೆಟ್ಟ ದಿನ ಮೆಕ್ಯಾನಿಕ್ ಬಾಗಿಲಿಗೆ ಬಂದು ಗುಪ್ತಸಂಖ್ಯೆ ಕೇಳುತ್ತಾನೆ. ಮಗ ಕೆಲಸದ ಸಭೆಯಲ್ಲಿ ಕುಳಿತಿರುತ್ತಾನೆ. ‘ಬಂದಿದ್ದೆವು, ಗ್ರಾಹಕರು ಸಿಗಲಿಲ್ಲ’ ಎಂದು ಬರೆದುಕೊಂಡು ಮೆಕ್ಯಾನಿಕ್ ಹೊರಟುಹೋಗುತ್ತಾನೆ. ತಾಯಿ ಬಾಗಿಲಲ್ಲೇ ನಿಂತಿರುತ್ತಾಳೆ.

ಮಾಡಬೇಕಾದುದೇನು?

ಎರಡು ಸಲ ಎಡವಿ ನಾವು ಕಲಿತ ಪಾಠಗಳನ್ನು ಇಲ್ಲಿ ಕೊಡುತ್ತಿದ್ದೇವೆ.

1. ಕರಾರು ಸ್ಥಾನದ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ‘ಮುಖ್ಯೋಪಾಧ್ಯಾಯರು, ಇಂಥ ಶಾಲೆ’ ಎಂದಿರಲಿ. ಸಾಧ್ಯವಾದರೆ ಶಾಲೆಗೆಂದೇ ಒಂದು ಮೊಬೈಲ್ ಸಂಖ್ಯೆಯನ್ನು ಪಡೆದು ಅದನ್ನೇ ಕೊಡಬೇಕು.

2. ಎರಡು ಹೆಸರುಗಳನ್ನು ನೋಂದಾಯಿಸಬೇಕು. ಎರಡನೆಯವರು ಯಂತ್ರದ ಬಳಿ ದಿನವೂ ಇರುವವರಾಗಿರಲಿ. ಮನೆಯಾದರೆ ಮಗನೊಡನೆ ತಾಯಿಯ ಅಥವಾ ತಂದೆಯ ಸಂಖ್ಯೆಯೂ ಇರಲಿ.

3. ವರ್ಗವಾದಾಗ ಒಪ್ಪಿಸುವ ಪಟ್ಟಿಯಲ್ಲಿ ಬೆಂಚು, ಬೀರು, ಗಂಟೆಗಳನ್ನು ಎಣಿಸಿ ಬರೆಯುತ್ತೇವೆ. ಕರಾರುಗಳನ್ನೂ ಅದರಲ್ಲಿ ಸೇರಿಸಬೇಕು. ಅಂದೇ ಕಂಪನಿಗೆ ತಿಳಿಸಿ ಹಳೆಯ ಹೆಸರನ್ನು ತೆಗೆಸಬೇಕು. ಹೊಸ ಹೆಸರು ಸೇರಿಸುವುದು ಎಷ್ಟು ಮುಖ್ಯವೋ ಹೋದವರ ಹೆಸರು ತೆಗೆಸುವುದೂ ಅಷ್ಟೇ ಮುಖ್ಯ.

4. ವಿಳಾಸದಲ್ಲಿ ಗ್ರಾಮ, ಮಂಡಲ, ಈಗಿನ ಜಿಲ್ಲೆ, ರಾಜ್ಯ, ಪಿನ್ ಸಂಖ್ಯೆ ಎಲ್ಲವೂ ಇರಲಿ. ಗಡಿನಾಡಿನವರಾದ ನಮಗೆ ಇದು ಎರಡು ಪಟ್ಟು ಅಗತ್ಯ.

5. ಒಂದು ಪುಸ್ತಕದಲ್ಲಿ ದೂರಿನ ದಿನಾಂಕ, ದೂರಿನ ಸಂಖ್ಯೆ, ಬಂದವರ ಹೆಸರು, ಮಾಡಿದ ಕೆಲಸ ಇವುಗಳನ್ನು ಬರೆದಿಡಬೇಕು. ಯಂತ್ರದ ಕ್ರಮಸಂಖ್ಯೆಯೂ ಕರಾರು ಮುಗಿಯುವ ದಿನವೂ ಮೊದಲ ಪುಟದಲ್ಲಿರಲಿ.

6. ಗುಪ್ತಸಂಖ್ಯೆಯನ್ನು ನಾವಾಗಿ ಕೊಟ್ಟ ದೂರಿಗೆ ಮಾತ್ರ ಹೇಳಬೇಕು. ತಾವಾಗಿ ಕರೆ ಮಾಡಿ ‘ಕಂಪನಿಯಿಂದ ಮಾತನಾಡುತ್ತಿದ್ದೇವೆ’ ಎನ್ನುವವರಿಗೆ ಎಷ್ಟು ನಯವಾಗಿ ಕೇಳಿದರೂ ಹೇಳಕೂಡದು.

ಇಷ್ಟೆಲ್ಲ ಮಾಡಿದರೂ ಕಂಪನಿ ಬಾರದಿದ್ದರೆ? ಮನೆಬಳಕೆಗಾಗಿ ಹಣ ತೆತ್ತು ಪಡೆದ ಸೇವೆಯಲ್ಲಿ ನ್ಯೂನತೆಯಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯಿದೆ; ಅದು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ತೆತ್ತ ಹಣ 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ಸಾಮಾನ್ಯವಾಗಿ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮುಂಚೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಅಲ್ಲಿ 17 ಭಾಷೆಗಳಲ್ಲಿ ಉತ್ತರ ಸಿಗುತ್ತದೆ, ಕನ್ನಡವೂ ಅವುಗಳಲ್ಲೊಂದು. ಗಡಿಯ ಈಚೆಗಿರುವ ನಾವು ನಮ್ಮ ಕಷ್ಟವನ್ನು ನಮ್ಮ ನುಡಿಯಲ್ಲೇ ಹೇಳಿಕೊಳ್ಳಬಹುದಾದ ಇಂಥ ಬಾಗಿಲುಗಳು ಹೆಚ್ಚಿಲ್ಲ. ಇರುವ ಬಾಗಿಲನ್ನು ತಟ್ಟದೆ ಬಿಡಬಾರದು. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ದೂರಿನ ಸಂಖ್ಯೆಯನ್ನು ಮತ್ತು ದಿನಾಂಕವನ್ನು. ಆದ್ದರಿಂದಲೇ ಆ ಪುಸ್ತಕ ಬೇಕೆಂದು ಒತ್ತಿ ಹೇಳುತ್ತಿದ್ದೇವೆ.

ಈಗ ನಮ್ಮ ಶಾಲೆಯಲ್ಲಿ ಗಂಟೆಯ ಪಕ್ಕದ ಮೊಳೆಗೆ ಆ ಪುಸ್ತಕವನ್ನು ತೂಗುಹಾಕಿದ್ದೇವೆ. ಮೊದಲ ಪುಟವನ್ನು ಏಳನೆಯ ತರಗತಿಯ ಹುಡುಗಿಯೊಬ್ಬಳು ಕನ್ನಡದಲ್ಲೂ ತೆಲುಗಿನಲ್ಲೂ ದುಂಡಗೆ ಬರೆದುಕೊಟ್ಟಿದ್ದಾಳೆ. ಕರಾರಿನಲ್ಲಿ ಉಪಾಧ್ಯಾಯಿನಿಯವರ ಹೆಸರೂ ಇದೆ. ಕಳೆದ ಮಳೆಗಾಲದಲ್ಲಿ ಯಂತ್ರವೊಂದು ನಿಂತಾಗ ನಾವು ಮಂಡಲದ ಸಭೆಯಲ್ಲಿದ್ದೆವು. ಸಂಜೆ ಶಾಲೆಗೆ ಬಂದು ಪುಸ್ತಕ ತೆರೆದರೆ ದೂರು ಕೊಟ್ಟದ್ದೂ ಬರೆದಿತ್ತು, ದೂರಿನ ಸಂಖ್ಯೆಯೂ ಬರೆದಿತ್ತು. ಮೂರನೆಯ ದಿನ ಮೆಕ್ಯಾನಿಕ್ ಬಂದ, ಈ ಸಲ ನಮ್ಮ ಗುಡಿಬಂಡೆಗೇ ಬಂದ.

ನಮ್ಮ ಸೇವಾವಧಿಯೂ ಇನ್ನು ಹೆಚ್ಚು ಕಾಲ ಉಳಿದಿಲ್ಲ. ಮುಂದೆ ಬರುವವರು ಒಂದು ಗುಪ್ತಸಂಖ್ಯೆಗಾಗಿ ನಮ್ಮನ್ನು ಹುಡುಕಿಕೊಂಡು ಅಲೆಯುವಂತಾಗಬಾರದು. ಓದುಗ ಬಂಧುಗಳು ಇಂದು ಸಂಜೆಯೇ ತಮ್ಮ ಮನೆಯ ಪೆಟ್ಟಿಗೆ ತೆರೆದು, ಕರಾರಿನ ಕಾಗದದಲ್ಲಿ ಯಾರ ಹೆಸರಿದೆ, ಯಾರ ಸಂಖ್ಯೆಯಿದೆ, ಎಂದು ಮುಗಿಯುತ್ತದೆ ಎಂಬ ಮೂರನ್ನು ನೋಡಿಕೊಳ್ಳಲೆಂದು ನಮ್ಮ ವಿನಂತಿ.