ಗಾಯವೆಂದು ಬರೆದರೋ, ಕಾಯಿಲೆಯೆಂದೋ

ಕತಾರಿನ ದೋಹಾದಿಂದ ದಕ್ಷಿಣಕ್ಕೆ ಕಡಲಂಚಿನಲ್ಲಿರುವ ಅಲ್ ವಕ್ರಾ ಒಂದು ಕಾಲಕ್ಕೆ ಮೀನು ಹಿಡಿಯುವವರ, ಮುತ್ತು ತೆಗೆಯುವವರ ಊರು. ಈಗ ಅಲ್ಲಿ ಮೆಟ್ರೋದ ಕೊನೆಯ ನಿಲ್ದಾಣವಿದೆ, 2022ರ ವಿಶ್ವಕಪ್ ಪಂದ್ಯಗಳು ನಡೆದ ಅಲ್ ಜನೂಬ್ ಕ್ರೀಡಾಂಗಣವಿದೆ, ದೊಡ್ಡ ಸರ್ಕಾರಿ ಆಸ್ಪತ್ರೆಯಿದೆ. ಮೆಸಯೀದ್ ಕೈಗಾರಿಕಾ ನಗರವೂ ಇದೇ ಪುರಸಭೆಯ ವ್ಯಾಪ್ತಿಗೆ ಸೇರುತ್ತದೆ. ಬೆಳಕು ಹರಿಯುವ ಮುಂಚೆ ಕ್ಯಾಂಪುಗಳಿಂದ ಹೊರಡುವ ಬಸ್ಸುಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರೂ ಇರುತ್ತಾರೆ. ಹೀಗೆ ಹೋದ ಮೂವತ್ತೈದರ ಒಬ್ಬಾತ ಎತ್ತರದಿಂದ ಬಿದ್ದು, ಮತ್ತೆ ಆ ಕೆಲಸ ಮಾಡಲಾರದವನಾದರೆ ಅವನಿಗೆ ಯಾರು, ಏನು ಕೊಡುತ್ತಾರೆ?

ಕತಾರ್ ಸರ್ಕಾರದಿಂದ ತಿಂಗಳ ಪಿಂಚಣಿ ಬರುವುದಿಲ್ಲ. ಅಂಗವಿಕಲತೆಗೆ ಪಿಂಚಣಿ ಕೊಡುವ ಅಲ್ಲಿನ ಸಾಮಾಜಿಕ ವಿಮೆ ಆ ದೇಶದ ಪ್ರಜೆಗಳಿಗಾಗಿ ಇರುವಂಥದ್ದು. ಹೊರಗಿನಿಂದ ಬಂದ ಕೆಲಸಗಾರನಿಗೆ ಸಿಗುವುದು ಒಂದೇ ಸಲದ ಪರಿಹಾರ. ಅದನ್ನು ಕೊಡಬೇಕಾದವನು ಮಾಲೀಕ. 2004ರ 14ನೇ ಕಾನೂನು, ಅಂದರೆ ಕತಾರಿನ ಕಾರ್ಮಿಕ ಕಾಯಿದೆ, ಅದನ್ನು ಅವನ ಮೇಲೆ ಹೊರಿಸಿದೆ. ಮನೆಗೆಲಸದವರಿಗೂ ಮನೆಯ ಡ್ರೈವರುಗಳಿಗೂ 2017ರಲ್ಲಿ ಬೇರೆ ಕಾನೂನು ಬಂತು. ಕೆಲಸದಲ್ಲಾದ ಗಾಯದ ಮಟ್ಟಿಗೆ ಅದೂ ಇದೇ ಕಾಯಿದೆಯತ್ತ ಬೆರಳು ತೋರಿಸುತ್ತದೆ.

ಪರಿಹಾರದ ಲೆಕ್ಕ ಸಂಬಳದ ಮೇಲೆ ನಿಂತಿಲ್ಲ. ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾರದವನಾದರೆ ಕಾಯಿದೆ ಅದನ್ನು ಸಾವಿಗೆ ಸಮನೆಂದು ಎಣಿಸುತ್ತದೆ. ಸಾವಿಗೆ ಸಲ್ಲುವ ಮೊತ್ತ ಷರೀಯತ್ತಿನ ದಿಯಾ, ಅಂದರೆ ಪ್ರಾಣಹಾನಿಯ ಪರಿಹಾರಧನ. 2008ರ ಕಾನೂನು ಅದನ್ನು 2,00,000 ರಿಯಾಲಿಗೆ ಏರಿಸಿತು. ಭಾಗಶಃ ಊನವಾದರೆ ವೈದ್ಯರು ಹೇಳಿದ ಶೇಕಡಾವಾರಿನಂತೆ ಅದರಲ್ಲೊಂದು ಪಾಲು: ಶೇ. 20 ಎಂದರೆ 40,000 ರಿಯಾಲ್. 2021ರ ಮಾರ್ಚ್‌ನಿಂದ ಅಲ್ಲಿನ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಆ ಸಂಬಳದವನಿಗೆ ಪೂರ್ತಿ ಪರಿಹಾರವೆಂದರೆ ಹದಿನಾರು ವರ್ಷಕ್ಕೂ ಮೀರಿದ ದುಡಿಮೆ. ಇಂಜಿನಿಯರಿಗೂ ಹೆಲ್ಪರಿಗೂ ಒಂದೇ ಮೊತ್ತ ಎನ್ನುವುದು ಈ ಕಾಯಿದೆಯಲ್ಲಿ ನನಗೆ ಮೆಚ್ಚುಗೆಯಾಗುವ ಮಾತು.

ಮೆಚ್ಚಲಾಗದ್ದು ಬೇರೆ ಕಡೆ ಇದೆ. ಬೆನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದವನ ಚೀಟಿಯಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಅವನ ಮುಂದಿನ ಬದುಕೆಲ್ಲ ನಿಂತುಬಿಡುತ್ತದೆ. ‘ಬೆನ್ನುನೋವು’ ಎಂದಷ್ಟೇ ಬರೆದರೆ ಅದು ಕಾಯಿಲೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದರೆ ಎರಡು ವಾರ ಪೂರ್ಣ ಸಂಬಳದ ರಜೆ, ಆಮೇಲೆ ನಾಲ್ಕು ವಾರ ಅರ್ಧ ಸಂಬಳ, ಆಮೇಲೆ ಬರಿಗೈ. ಹನ್ನೆರಡನೆಯ ವಾರದ ಕೊನೆಗೂ ಕೆಲಸಕ್ಕೆ ಮರಳಲಾರನೆಂದು ವೈದ್ಯರು ಹೇಳಿದರೆ ಮಾಲೀಕ ಕೆಲಸದಿಂದ ತೆಗೆಯಬಹುದು. ‘ಸೈಟಿನಲ್ಲಿ ಏಣಿಯಿಂದ ಬಿದ್ದು ಬೆನ್ನಿಗೆ ಪೆಟ್ಟು’ ಎಂದು ಬರೆದಿದ್ದರೆ ಅದೇ ನೋವು ಕೆಲಸದ ಗಾಯವಾಗುತ್ತದೆ. ಆಗ ಚಿಕಿತ್ಸೆಯ ಖರ್ಚು ಮಾಲೀಕನದು. ಚಿಕಿತ್ಸೆ ನಡೆಯುವಷ್ಟು ಕಾಲ, ಆರು ತಿಂಗಳವರೆಗೆ, ಪೂರ್ಣ ಸಂಬಳ. ಅದೂ ಮೀರಿದರೆ ಗುಣವಾಗುವ ತನಕ ಅಥವಾ ಊನ ಶಾಶ್ವತವೆಂದು ತೀರ್ಮಾನವಾಗುವ ತನಕ ಅರ್ಧ ಸಂಬಳ. ಅದರ ಮೇಲೆ ಪರಿಹಾರ.

ಆದ್ದರಿಂದ ಬಿದ್ದವನಿಗೆ ಪ್ರಜ್ಞೆ ಇದ್ದರೆ ಅವನೇ, ಇಲ್ಲದಿದ್ದರೆ ಜೊತೆಗಿದ್ದವರು, ಎಲ್ಲಿ ಹೇಗೆ ಬಿದ್ದದ್ದು ಎಂದು ಎಮರ್ಜೆನ್ಸಿಯಲ್ಲಿ ಬಾಯಿಬಿಟ್ಟು ಹೇಳಿ ಬರೆಸಬೇಕು. ಪೊಲೀಸರಿಗೂ ಕಾರ್ಮಿಕ ಇಲಾಖೆಗೂ ತಕ್ಷಣ ತಿಳಿಸುವುದು ಮಾಲೀಕನ ಕರ್ತವ್ಯವೆಂದು ಕಾಯಿದೆ ಹೇಳುತ್ತದೆ. ಅವನು ತಿಳಿಸಿಯಾನು ಎಂದು ನಂಬಿ ಕೂರುವುದು ಬೇಡ.

ಕೆಲಸದ ಗಾಯ ಎಂದರೆ ಕೆಲಸದ ಜಾಗದೊಳಗಿನದ್ದು ಮಾತ್ರವಲ್ಲ. ಕೆಲಸಕ್ಕೆ ಹೋಗುವಾಗ, ಬರುವಾಗ, ನಡುವೆ ಬೇರೆಲ್ಲೂ ತಿರುಗದೆ ಎಂದಿನ ದಾರಿಯಲ್ಲೇ ಇದ್ದಾಗ ಆದ ಅಪಘಾತವೂ ಅದರಲ್ಲಿ ಸೇರುತ್ತದೆ. ಅಲ್ ವಕ್ರಾದ ಕ್ಯಾಂಪಿನಿಂದ ಮೆಸಯೀದ್‌ಗೆ ಹೊರಟ ಕಂಪನಿ ಬಸ್ಸು ಮಗುಚಿದರೆ ಅದರಲ್ಲಿದ್ದವರಿಗೂ ಇದೇ ಪರಿಹಾರ. ಇದು ಸಣ್ಣ ವಿಷಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೊರತಂದ ವರದಿಯಂತೆ 2020ರ ಒಂದೇ ವರ್ಷ ಕತಾರಿನಲ್ಲಿ ಕೆಲಸದ ಅವಘಡಗಳಲ್ಲಿ 50 ಜನ ಸತ್ತರು, 500ಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ತೀವ್ರ ಗಾಯವಾಯಿತು, ಸಣ್ಣ ಮತ್ತು ಮಧ್ಯಮ ಗಾಯಗಳಾದದ್ದು 37,600 ಮಂದಿಗೆ. ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ ಇವೇ ಮುಖ್ಯ ಕಾರಣಗಳು.

ಪರಿಹಾರ ತಪ್ಪುವ ಸಂದರ್ಭಗಳೂ ಇವೆ: ಬೇಕೆಂದೇ ಗಾಯ ಮಾಡಿಕೊಂಡದ್ದು, ಅಮಲಿನಲ್ಲಿದ್ದದ್ದು, ಸುರಕ್ಷತೆಯ ಸೂಚನೆ ಮೀರಿದ್ದು, ವೈದ್ಯಕೀಯ ತಪಾಸಣೆಗೆ ಒಪ್ಪದಿದ್ದದ್ದು. ಸುರಕ್ಷತಾ ಬೆಲ್ಟ್ ಹಾಕಿರಲಿಲ್ಲ ಎಂಬ ಮಾತು ಬರುವುದು ಇಲ್ಲಿಂದಲೇ. ಬೆಲ್ಟ್ ಕೊಟ್ಟಿದ್ದರೇ ಎಂದು ಕೇಳಲು ಸಾಕ್ಷಿ ಬೇಕು. ಜೊತೆಯವರ ಫೋನಿನಲ್ಲಿರುವ ಸೈಟಿನ ಚಿತ್ರಗಳನ್ನು ಅಳಿಸದಿರುವುದು ಒಳ್ಳೆಯದು. ಇನ್ನು ಬಿಸಿಲಲ್ಲಿ ವರ್ಷಗಟ್ಟಲೆ ದುಡಿದು ಮೂತ್ರಪಿಂಡ ಕೆಡಿಸಿಕೊಂಡು ಡಯಾಲಿಸಿಸ್‌ಗೆ ಬಿದ್ದವನ ಪಾಡು ಇನ್ನೂ ಕಷ್ಟ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ 2021ರಿಂದ ಇದೆ. ಆದರೆ ಮೆಲ್ಲಗೆ ಬಂದ ಕಾಯಿಲೆಗೆ ಬಿಸಿಲೇ ಕಾರಣವೆಂದು ತೋರಿಸುವುದು ಬಿದ್ದ ಏಣಿಯನ್ನು ತೋರಿಸಿದಷ್ಟು ಸುಲಭವಲ್ಲ.

ಗಾಯವಾದವನ ಮುಂದೆ ಸಾಮಾನ್ಯವಾಗಿ ಬರುವ ಮಾತು, ‘ಟಿಕೆಟ್ ಮಾಡಿಸಿಕೊಡುತ್ತೇವೆ, ಊರಿಗೆ ಹೋಗಿ ಆರಾಮ ಮಾಡಿಕೋ.’ ಜೊತೆಗೆ ಅರಬಿಯಲ್ಲಿ ಬರೆದ ಒಂದು ಕಾಗದ, ಕೈಗೆ ಸೆಟ್ಲ್‌ಮೆಂಟ್ ಹಣ. ಆ ಹಣ ಬಹಳ ಸಲ ಗ್ರಾಚ್ಯುಟಿ ಮಾತ್ರ. ಒಂದು ವರ್ಷ ದುಡಿದ ಯಾರಿಗಾದರೂ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನದಂತೆ ಬರಲೇಬೇಕಾದದ್ದು ಅದು, ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಊನದ ಶೇಕಡಾವಾರು ಬರೆದ ಅಂತಿಮ ವೈದ್ಯಕೀಯ ವರದಿ ಕೈಗೆ ಬರುವ ಮುಂಚೆ ‘ನನಗೆ ಬರಬೇಕಾದದ್ದೆಲ್ಲ ಬಂದಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಊನ ಸಾಬೀತಾದ ಮೇಲೆ ಹದಿನೈದು ದಿನದೊಳಗೆ ಮಾಲೀಕ ಪರಿಹಾರ ಕೊಡಬೇಕು. ಕೊಡದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು. ಅಲ್ಲಿ ರಾಜಿಗೆ ಏಳು ದಿನ. ಆಗದಿದ್ದರೆ ಕಾರ್ಮಿಕ ವಿವಾದ ಇತ್ಯರ್ಥ ಸಮಿತಿ, ಅದು ಮೂರು ವಾರದಲ್ಲಿ ತೀರ್ಪು ಕೊಡಬೇಕೆಂದು ಕಾನೂನು. ಅಂತಿಮ ವರದಿಯ ತಾರೀಖಿನಿಂದ ಒಂದು ವರ್ಷ ಕಳೆದರೆ ಹಕ್ಕೇ ಹೋಗುತ್ತದೆ. ಊರಿಗೆ ಹೊರಡಲೇಬೇಕಾದರೆ ಅಲ್ಲಿರುವ ನಂಬಿಕಸ್ಥರೊಬ್ಬರಿಗೆ ಅಧಿಕಾರಪತ್ರ ಮಾಡಿಕೊಟ್ಟು ಬನ್ನಿ, ರಾಯಭಾರ ಕಚೇರಿಗೂ ವಿಷಯ ತಿಳಿಸಿರಿ.

ಭಾರತದ ಕಡೆಯಿಂದಲೂ ಒಂದು ಬಾಬ್ತು ಇದೆ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟ್ ಬಹುಮಟ್ಟಿಗೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ದರ್ಜೆಯದು. ವಲಸೆ ಕ್ಲಿಯರೆನ್ಸ್ ಪಡೆದು ಹೋದ ಅಂಥವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಏಜೆಂಟ್ ಕಂತು ಕಟ್ಟಿದ್ದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಪಾಲಿಸಿಯ ಪ್ರತಿ ಊರಿನ ಪೆಟ್ಟಿಗೆಯಲ್ಲಿರಲಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಿಕೊಂಡವರ ಹೆಸರಿನಲ್ಲಿ ಈ ಪಾಲಿಸಿ ಸಾಮಾನ್ಯವಾಗಿ ಇರುವುದಿಲ್ಲ.

ಊರಿಗೆ ಬಂದ ಮೇಲೆ ಎಲ್ಲ ಮೊದಲಿನಿಂದ ಶುರು. ಕತಾರಿನ ವರದಿಯ ಶೇಕಡಾವಾರು ಇಲ್ಲಿ ನಡೆಯದು, ಅಳೆಯುವ ಕ್ರಮವೇ ಬೇರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ತಪಾಸಣೆಗೆ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಚ್ಚಿನ ಸೌಲಭ್ಯಗಳ ಗೆರೆ ಶೇ. 40. ಅದರ ಮೇಲಿದ್ದು, ಆದಾಯ ಮಿತಿಯೊಳಗಿದ್ದರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ. ಕರ್ನಾಟಕದಲ್ಲಿ 2021ರ ಏರಿಕೆಯ ನಂತರ ಶೇ. 40ರಿಂದ 74ರವರೆಗಿನವರಿಗೆ ತಿಂಗಳಿಗೆ 800 ರೂಪಾಯಿ, ಶೇ. 75 ದಾಟಿದವರಿಗೆ 1,400. ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಓಡಾಟ ಕಡಿಮೆಯಾಗುತ್ತದೆ. ಕೊಲ್ಲಿಯಲ್ಲಿ ದುಡಿದವನಿಗೆ ಆದಾಯವಿಲ್ಲವೆಂದು ನಂಬಿಸುವುದೇ ಒಂದು ಕೆಲಸ, ಮನೆಯ ತಾರಸಿಯೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ.

ತಲಪಾಡಿಯ ಗಡಿ ದಾಟಿದರೆ ಮಾತು ಬೇರೆ. 2008ರ ಕಾನೂನಿನಂತೆ ಕೇರಳದಲ್ಲಿ ಪ್ರವಾಸಿ ಕ್ಷೇಮ ಮಂಡಳಿಯಿದೆ. ಹೊರದೇಶದಲ್ಲಿರುವ ಕಾಸರಗೋಡಿನ ಕನ್ನಡಿಗನೂ ತಿಂಗಳ ವಂತಿಗೆ ಕಟ್ಟಿ ಅದರ ಸದಸ್ಯನಾಗಬಹುದು. ಶಾಶ್ವತವಾಗಿ ಅಶಕ್ತನಾದ ಸದಸ್ಯನಿಗೆ ಅದು ಪಿಂಚಣಿ ಕೊಡುತ್ತದೆ. ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋದ ಉಳ್ಳಾಲದವನಿಗೆ ಅಂಥ ಮಂಡಳಿಯಿಲ್ಲ. ನೆರೆಯವರು ಅಷ್ಟು ವರ್ಷಗಳ ಹಿಂದೆಯೇ ಮಾಡಿದ ಕಾನೂನನ್ನು ಮಾಡಿಕೊಳ್ಳಲು ಕರ್ನಾಟಕಕ್ಕೆ ಅಡ್ಡಿ ಏನಿದೆಯೋ ಕಾಣೆ. ಮತ ಕೇಳಲು ಬಂದವರನ್ನು ಕರಾವಳಿಯ ಮನೆಗಳು ಇದನ್ನು ಕೇಳಲಿ.