ಬಿಟ್ಟ ಮನೆಗೆ ಮರುಪಯಣ: ಬಾಸೆಲ್ ಮಿಷನ್ ಕುಟುಂಬಗಳನ್ನು ಕುರಿತು

ಕಾಗಿನೆಲೆಯ ಹೆಸರು ಕನ್ನಡಿಗರಿಗೆಲ್ಲ ಪರಿಚಿತವಾದದ್ದು ಒಂದು ಅಂಕಿತದ ಮೂಲಕ. ಬಾಡ ಗ್ರಾಮದಲ್ಲಿ ಹುಟ್ಟಿ, ಬಂಕಾಪುರದ ಸೀಮೆಯಲ್ಲಿ ಅಧಿಕಾರ ನಡೆಸಿದರೆಂದು ಹೇಳಲಾಗುವ ತಿಮ್ಮಪ್ಪನಾಯಕರು ಕನಕದಾಸರಾಗಿ ಕಾಗಿನೆಲೆಯಲ್ಲಿ ನೆಲೆಸಿದರು; ಅಲ್ಲಿಯ ಆದಿಕೇಶವನ ಹೆಸರನ್ನು ತಮ್ಮ ಪದಗಳ ಕೊನೆಗೆ ಇಟ್ಟರು. ಆ ದೇವರನ್ನು ಅವರು ಬಾಡದಿಂದಲೇ ಕಾಗಿನೆಲೆಗೆ ತಂದರೆಂಬುದು ಸಂಪ್ರದಾಯದ ಮಾತು. ಅದನ್ನು ನಂಬುವುದಾದರೆ, ಬಿಟ್ಟ ಊರಿನ ದೇವರೂ ಸೇರಿದ ಊರಿನ ಹೆಸರೂ ಆ ಒಂದೇ ಅಂಕಿತದಲ್ಲಿ ಕೂಡಿಕೊಂಡಿವೆ. ಊರು ಬಿಟ್ಟವನಿಗೆ ತನ್ನ ಊರು ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ಚಿಕ್ಕದಾದ ಉತ್ತರವನ್ನು ನಾವು ಕಂಡಿಲ್ಲ.

ಇದೇ ಪ್ರಶ್ನೆಯನ್ನು ಬೇರೊಂದು ಬಗೆಯ ಜನರ ವಿಷಯದಲ್ಲಿ ಕೇಳುವುದು ಪ್ರಕೃತ ಲೇಖನದ ಉದ್ದೇಶ. ಹರಿದಾಸರ ಪದಗಳನ್ನು ಸಂಗ್ರಹಿಸಿ ಮೊದಲಿಗೆ ಅಚ್ಚಿನ ಪುಸ್ತಕವಾಗಿ ಹೊರತಂದವರು ಜರ್ಮನಿಯಿಂದ ಬಂದ ಹೆರ್ಮನ್ ಮೋಗ್ಲಿಂಗ್ ಅವರು. ಅಚ್ಚಾದದ್ದು ೧೮೫೦ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ೧೮೩೬ರಲ್ಲಿ ಕನ್ನಡನಾಡಿಗೆ ಬಂದ ಮೋಗ್ಲಿಂಗ್ ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿ, ಕೊಡಗಿನಲ್ಲಿಯೂ ಕೆಲಸ ಮಾಡಿ, ೧೮೬೦ರಲ್ಲಿ ಸ್ವದೇಶಕ್ಕೆ ಮರಳಿದರು. ಮತ್ತೆ ಅವರು ಇತ್ತ ಬರಲಿಲ್ಲ. ಆದರೆ ಅಲ್ಲಿ ಕುಳಿತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ, ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೮೮೧ರಲ್ಲಿ ಅವರು ತೀರಿಕೊಂಡರು. ಮೈ ಮರಳಿ ಬಾರದಿದ್ದರೂ ಬರವಣಿಗೆ ಮರಳಿ ಬರುತ್ತಿತ್ತು ಎಂದು ಹೇಳಬಹುದು.

ಬಾಸೆಲ್ ಮಿಷನ್ನಿನವರ ಮತಪ್ರಚಾರ, ಶಾಲೆ, ಮುದ್ರಣಾಲಯ, ಹಂಚಿನ ಕಾರಖಾನೆಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಯಲಾಗಿದೆ. ಅವರ ಸಂಸಾರಗಳನ್ನು ಕುರಿತು ಬರೆದದ್ದು ಕಡಮೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು ೧೮೩೪ರಲ್ಲಿ ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿನಲ್ಲಿ ನೆಲೆಯೂರಿದರು. ಧಾರವಾಡಕ್ಕೆ ೧೮೩೭ರಲ್ಲಿಯೂ ಹುಬ್ಬಳ್ಳಿಗೆ ೧೮೩೯ರಲ್ಲಿಯೂ ಬೆಟಗೇರಿಗೆ ೧೮೪೧ರಲ್ಲಿಯೂ ಈ ಮಿಷನ್ ಕಾಲಿಟ್ಟಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವಾದ್ದರಿಂದ, ಈ ಇತಿಹಾಸ ನಮ್ಮ ಸೀಮೆಗೆ ಹೊರಗಿನದಲ್ಲ.

ಈ ಸಂಸ್ಥೆಯ ಸೇವಕರಿಗೆ ವಿವಾಹವೆಂಬುದು ಸ್ವಂತ ವಿಷಯವಾಗಿರಲಿಲ್ಲ. ಬ್ರಹ್ಮಚಾರಿಯಾಗಿ ಬಂದು ಕೆಲವು ವರ್ಷ ದುಡಿದ ಮೇಲೆ ಬಾಸೆಲಿನ ಸಮಿತಿಗೆ ಪತ್ರ ಬರೆದು ಅಪ್ಪಣೆ ಬೇಡಬೇಕಾಗಿತ್ತು. ಅಪ್ಪಣೆ ದೊರೆತರೆ, ಎಷ್ಟೋ ವೇಳೆ ಗಂಡಿನ ಮುಖವನ್ನೂ ಸರಿಯಾಗಿ ಕಾಣದ ಕನ್ಯೆ ಹಡಗನ್ನೇರಿ ಬರುತ್ತಿದ್ದಳು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು, ಆಫ್ರಿಕೆಯನ್ನು ಸುತ್ತಿಬರುವ ಹಡಗಿನಲ್ಲಿ ಈ ಪ್ರಯಾಣ ತಿಂಗಳುಗಟ್ಟಲೆ ಹಿಡಿಯುತ್ತಿತ್ತು; ಈಜಿಪ್ಟಿನ ನೆಲದ ಮೇಲೆ ಹಾದು ಬರುವವರಿಗೆ ಕಾಲ ಉಳಿದರೂ ವೆಚ್ಚ ಹೆಚ್ಚು. ಹೀಗೆ ಬಂದವಳು ಇಲ್ಲಿ ಮನೆ ಕಟ್ಟಿ ಮಕ್ಕಳನ್ನು ಹೆತ್ತ ಮೇಲೆ ಎರಡನೆಯ ಅಗಲಿಕೆ ಕಾದಿರುತ್ತಿತ್ತು. ಮಕ್ಕಳನ್ನು ಸುಮಾರು ಆರನೆಯ ವಯಸ್ಸಿನ ಹೊತ್ತಿಗೆ ಯೂರೋಪಿಗೆ ಕಳುಹಿಸಬೇಕೆಂಬುದು ಸಂಸ್ಥೆಯ ಕಟ್ಟಳೆಯಾಗಿತ್ತು. ಅವರಿಗಾಗಿ ೧೮೫೦ರ ದಶಕದಲ್ಲಿ ಬಾಸೆಲಿನಲ್ಲಿ ನಿಲಯಗಳನ್ನು ತೆರೆಯಲಾಯಿತು. ಹವೆಯ ಭಯ, ವಿದ್ಯಾಭ್ಯಾಸ, ಕ್ರೈಸ್ತ ಸಂಸ್ಕಾರ ಎಂಬಿವು ಹೇಳಲಾಗುತ್ತಿದ್ದ ಕಾರಣಗಳು. ಆಯಾಗಳ ಕಂಕುಳಲ್ಲಿ ಬೆಳೆದ ಮಕ್ಕಳಿಗೆ ಸ್ಥಳದ ನುಡಿ ತಾನಾಗಿ ನಾಲಗೆಗೆ ಬರುತ್ತಿತ್ತೆಂಬುದೂ, ಮಕ್ಕಳು 'ಇಲ್ಲಿಯವರೇ' ಆಗಿಬಿಟ್ಟಾರೆಂಬ ಅಂಜಿಕೆಯೂ ಇದರ ಹಿಂದೆ ಇದ್ದಿರಬೇಕೆಂದು ನಮ್ಮ ಊಹೆ.

ಈಗ ಪದಪ್ರಯೋಗದ ಒಂದು ತೊಡಕನ್ನು ನೋಡೋಣ. ಕನ್ನಡದಲ್ಲಿ 'ಊರಿಗೆ ಹೋಗುವುದು' ಎಂದರೆ ತನ್ನ ಮನೆಗೆ ಹೋಗುವುದೆಂದೇ ಅರ್ಥ. ಧಾರವಾಡದಲ್ಲಿ ಹುಟ್ಟಿ ಅಲ್ಲಿಯೇ ಆರು ವರ್ಷ ಆಡಿದ ಮಗುವನ್ನು ಬಾಸೆಲಿಗೆ ಕಳುಹಿಸಿದಾಗ ತಂದೆತಾಯಿಗಳ ದೃಷ್ಟಿಯಲ್ಲಿ ಅದು ಊರಿಗೆ ಹೋಗುತ್ತಿತ್ತು. ಮಗುವಿನ ದೃಷ್ಟಿಯಲ್ಲಿ ಅದು ಊರನ್ನು ಬಿಡುತ್ತಿತ್ತು. ಒಂದೇ ಸಂಸಾರದ ಎರಡು ತಲೆಮಾರುಗಳಿಗೆ ಊರು ಎರಡು ದಿಕ್ಕಿನಲ್ಲಿ ಇದ್ದಿತು. ಮಿಷನರಿ ಕುಟುಂಬಗಳ ಹೋಗುಬರುವಿಕೆಯನ್ನು ಅಭ್ಯಸಿಸುವವರು ಮೊದಲು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಗುಂಡರ್ಟ್ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ. ಮಲಯಾಳ ನಿಘಂಟನ್ನು ರಚಿಸಿದ ಹೆರ್ಮನ್ ಗುಂಡರ್ಟ್ ಅವರ ಮಗಳು ಮೇರಿ ೧೮೪೨ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯೂರೋಪಿನಲ್ಲಿ ಬಿಡಲಾಯಿತು. ತಂದೆತಾಯಿಗಳ ಬಳಿಗೆ ಬಂದದ್ದು ೧೮೫೭ರಲ್ಲಿ, ಹದಿನೈದರ ಹೊತ್ತಿಗೆ. ಕೆಲವೇ ವರ್ಷಗಳಲ್ಲಿ ಕುಟುಂಬ ಯೂರೋಪಿಗೆ ಹಿಂದಿರುಗಿತು. ೧೮೬೫ರಲ್ಲಿ ಮಿಷನರಿಯೊಬ್ಬರನ್ನು ಮದುವೆಯಾಗಿ ಅವಳು ಮತ್ತೆ ಭಾರತಕ್ಕೆ, ಈ ಸಲ ಸಿಂಧ್ ಪ್ರಾಂತಕ್ಕೆ ಬಂದಳು, ೧೮೭೦ರಲ್ಲಿ ವಿಧವೆಯಾದಳು. ೧೮೭೪ರಲ್ಲಿ ಅವಳು ವರಿಸಿದ ಯೋಹಾನೆಸ್ ಹೆಸ್ಸೆಯೂ ಮಂಗಳೂರಿನಲ್ಲಿ ಸೇವೆಯಲ್ಲಿದ್ದು ಅನಾರೋಗ್ಯದಿಂದ ೧೮೭೩ರಲ್ಲಿ ಹಿಂದಿರುಗಿದ್ದವರೇ. ಇವರ ಮಗ ಪ್ರಸಿದ್ಧ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ೧೯೧೧ರಲ್ಲಿ ಈತ ತಾಯಿ ಹುಟ್ಟಿದ ದೇಶದ ಕಡೆಗೆ ಹಡಗು ಹತ್ತಿದನು. ಸಿಂಹಳ, ಮಲಯ, ಸುಮಾತ್ರಗಳನ್ನು ಕಂಡನು. ಆದರೆ ತಾಯಿಯ ತಲಚೇರಿಗಾಗಲಿ ತಂದೆಯ ಮಂಗಳೂರಿಗಾಗಲಿ ಬರದೆ ಹಿಂದಿರುಗಿದನು. ಸಿಂಹಳದಿಂದ ಮಲಬಾರಿನ ದೂರ ಎಷ್ಟೆಂಬುದನ್ನು ಬಲ್ಲವರಿಗೆ ಇದು ಸೋಜಿಗವೆನಿಸುತ್ತದೆ. ಮುಂದೆ ಅವನ ಬರವಣಿಗೆಯಲ್ಲಿ ಬರುವ ಭಾರತ ಕಣ್ಣಿನಿಂದ ಕಂಡದ್ದಲ್ಲ, ಮನೆಯಲ್ಲಿ ಕೇಳಿದ್ದು ಮತ್ತು ಓದಿದ್ದು.

ಕಿಟ್ಟೆಲ್ ಅವರ ಪ್ರಸಂಗ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ೧೮೩೨ರಲ್ಲಿ ಉತ್ತರ ಜರ್ಮನಿಯ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಪಾದ್ರಿಯ ಮನೆಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ೧೮೫೩ರಲ್ಲಿ ಭಾರತಕ್ಕೆ ಬಂದರು. ೧೮೬೦ರಲ್ಲಿ ಮದುವೆಯಾದ ಪಾವ್ಲೀನಾ ಐತ್ ೧೮೬೪ರಲ್ಲಿಯೇ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಅವರು ಆಕೆಯ ತಂಗಿಯಾದ ಜೂಲಿಯನ್ನು ವಿವಾಹವಾದರು. 'ಕಥಾಮಾಲೆ' ೧೮೬೨ರಲ್ಲಿಯೂ, ಕೇಶಿರಾಜನ 'ಶಬ್ದಮಣಿದರ್ಪಣ'ದ ಪರಿಷ್ಕರಣ ೧೮೭೨ರಲ್ಲಿಯೂ, ನಾಗವರ್ಮನ 'ಛಂದೋಂಬುಧಿ' ೧೮೭೫ರಲ್ಲಿಯೂ ಹೊರಬಂದವು. ಇಷ್ಟನ್ನು ಮಾಡಿ ೧೮೭೭ರಲ್ಲಿ ಅವರು ಸಂಸಾರಸಮೇತ ಜರ್ಮನಿಗೆ ಮರಳಿದರು. ಇಲ್ಲಿಗೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು.

ಆದರೆ ನಿಘಂಟು ಮುಗಿದಿರಲಿಲ್ಲ. ೧೮೮೩ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಕಿಟ್ಟೆಲ್ ಒಬ್ಬರೇ ಹೊರಟರು. ಹೊರಟರು ಎನ್ನಬೇಕೋ ಬಂದರು ಎನ್ನಬೇಕೋ! ನಮ್ಮ ಪಠ್ಯಪುಸ್ತಕಗಳು ಸಂಶಯವಿಲ್ಲದೆ 'ಬಂದರು' ಎನ್ನುತ್ತವೆ. ಜೂಲಿಯ ಮನೆಯಲ್ಲಿ ಯಾರೂ ಹಾಗೆ ಹೇಳಿರಲಾರರು. ಹೀಗೆ ಬಂದವರು ೧೮೯೨ರವರೆಗೆ ಇಲ್ಲಿಯೇ ದುಡಿದರು. ಅಂದರೆ ಒಂಬತ್ತು ವರ್ಷ ಆ ಮನೆ ಯಜಮಾನನಿಲ್ಲದೆ ನಡೆಯಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ನಿಘಂಟು ಪ್ರಕಟವಾಯಿತು: ೧೭೫೨ ಪುಟಗಳು, ಸುಮಾರು ೭೦,೦೦೦ ಶಬ್ದಗಳು. ಆ ಹೊತ್ತಿಗೆ ಅದರ ಕರ್ತೃ ಜರ್ಮನಿಯಲ್ಲಿದ್ದರು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ೧೯೦೩ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಅವರು ತೀರಿಕೊಂಡರು.

ನಿಘಂಟನ್ನು ಜರ್ಮನಿಯಲ್ಲಿ ಕುಳಿತೇ ಮುಗಿಸಬಹುದಾಗಿರಲಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಹಳಗನ್ನಡದ ಕಾವ್ಯಶಬ್ದಗಳಿಗೆ ಅಚ್ಚಾದ ಪುಸ್ತಕವೂ ಓಲೆಯ ಪ್ರತಿಯೂ ಸಾಕಾಗಬಹುದು. ಆದರೆ ಆ ನಿಘಂಟಿನ ಯಾವ ಪುಟವನ್ನು ತೆರೆದರೂ ಆಡುಮಾತಿನ ಶಬ್ದಗಳಿಗೆ ಪ್ರದೇಶದ ಸಂಕೇತಗಳು ಕಾಣುತ್ತವೆ. ಮೈಸೂರಿನ ಪ್ರಯೋಗಕ್ಕೆ ಒಂದು ಗುರುತು. ಅಂದು ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ನಮ್ಮ ಧಾರವಾಡ, ಹುಬ್ಬಳ್ಳಿ, ಹಾವೇರಿಗಳ ಕಡೆಯ ಮಾತಿಗೆ ಬೇರೊಂದು ಗುರುತು. ಗಾದೆಗಳು ಉದ್ದಕ್ಕೂ ಬರುತ್ತವೆ. ದಾಸರ ಪದಗಳಿಂದ ಆಯ್ದ ಪ್ರಯೋಗಗಳಿಗೂ ಪ್ರತ್ಯೇಕ ಸಂಕೇತವಿದೆ. ಮೋಗ್ಲಿಂಗ್ ಅವರ ಸಂಗ್ರಹದಿಂದ ತೊಡಗಿದ ಕೆಲಸ ಹೀಗೆ ಕಿಟ್ಟೆಲ್ಲರ ಶಬ್ದಾರ್ಥಗಳಲ್ಲಿ ಬಂದು ಸೇರಿದೆ. ಒಕ್ಕಲಿಗನ ಬಾಯಲ್ಲಿ, ನೇಯ್ಗೆಯವನ ಬಾಯಲ್ಲಿ ಬದುಕಿರುವ ಶಬ್ದದ ಅರ್ಥವನ್ನು ಕೇಳಿ, ತಿದ್ದಿ, ಮತ್ತೆ ಕೇಳಿ ನಿಶ್ಚಯಿಸಬೇಕಾದರೆ ಪಂಡಿತರೂ ಪಾಮರರೂ ಬಳಿಯಲ್ಲಿರಬೇಕು. ಆದಕಾರಣ ೧೮೮೩ರ ಪ್ರಯಾಣವನ್ನು ವಿದ್ವಾಂಸನೊಬ್ಬನ ಹಟವೆಂದು ತಿಳಿಯುವುದು ಸರಿಯಲ್ಲ. ಕೆಲಸದ ಸ್ವರೂಪವೇ ಅದನ್ನು ಬೇಡಿತು. ಅದರ ಬೆಲೆಯನ್ನು ಯಾರು ತೆತ್ತರೆಂಬುದು ಬೇರೆ ಮಾತು. ನಿಘಂಟನ್ನು ಕೊಂಡಾಡುವ ನಮ್ಮ ಭಾಷಣಗಳಲ್ಲಿ ಜೂಲಿ ಕಿಟ್ಟೆಲ್ ಅವರ ಹೆಸರು ಕೇಳಿಬರುವುದು ಅಪೂರ್ವ. ಆ ಒಂಬತ್ತು ವರ್ಷಗಳನ್ನು ನಿಘಂಟಿನ ಇತಿಹಾಸದಲ್ಲಿ ಸೇರಿಸದಿದ್ದರೆ ಲೆಕ್ಕ ಅರ್ಧವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಯಾಣ ಒಂದೇ ಮುಖವಾಗಿ ನಡೆಯಿತೆಂದೂ ತಿಳಿಯಬಾರದು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ೧೮೪೪ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿ, ೧೮೪೬ರಲ್ಲಿ ಮೋಗ್ಲಿಂಗ್ ಅವರೊಡನೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ವ್ಯಾಸಂಗ ಮಾಡಿ ೧೮೫೧ರಲ್ಲಿ ಹಿಂದಿರುಗಿದರು. ಹುಟ್ಟಿದ ಊರಿಗೆ ಮರಳಿದರೂ ಹುಟ್ಟಿದ ಮನೆಗೆ ಮರಳುವಂತಿರಲಿಲ್ಲ. ಕೈಹಿಡಿದ ಹೆಂಡತಿ ಅವರೊಡನೆ ಬಾಳಲು ಬರಲಿಲ್ಲ. ೧೮೬೦ರಲ್ಲಿ ಅವರು ಜರ್ಮನ್ ಸ್ತ್ರೀಯೊಬ್ಬಳನ್ನು ಮದುವೆಯಾದರು. ಕೊಡಗಿನ ಆನಂದಪುರ ಅವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಹೊರಗಿನಿಂದ ಬಂದವರ ಅಗಲಿಕೆಯನ್ನು ಬರೆಯುವಾಗ ಇಲ್ಲಿಯವರ ಅಗಲಿಕೆಯನ್ನು ಮರೆಯುವುದು ನ್ಯಾಯವಲ್ಲ. ಆರು ವರ್ಷ ಎತ್ತಿ ಆಡಿಸಿದ ಮಗು ಹಡಗು ಹತ್ತಿದ ದಿನ ಆಯಾ ಏನು ಮಾಡಿದಳೆಂಬುದನ್ನು ಯಾವ ವರದಿಯೂ ಹೇಳುವ ಗೋಜಿಗೆ ಹೋಗುವುದಿಲ್ಲ.

೧೯೧೪ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಈ ಹೋಗುಬರುವಿಕೆ ಕಡಿದುಹೋಯಿತು. ಜರ್ಮನ್ ಪ್ರಜೆಗಳಾದ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು, ಬಳಿಕ ಕುಟುಂಬಗಳೊಂದಿಗೆ ಸ್ವದೇಶಕ್ಕೆ ಸಾಗಿಸಲಾಯಿತು. ಕಾರಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಮುಂದೆ ಮಿಷನ್ನಿನವರು ಮತ್ತೆ ಬಂದರಾದರೂ, ತಲೆಮಾರಿನಿಂದ ತಲೆಮಾರಿಗೆ ಮನೆಯ ದಾರಿಯಂತೆ ಬೆಳೆದಿದ್ದ ಮೊದಲಿನ ಸಂಬಂಧ ಹಾಗೆಯೇ ಕೂಡಿಕೊಳ್ಳಲಿಲ್ಲ.

ಈಚಿನ ದಶಕಗಳಲ್ಲಿ ಬೇರೆ ಬಗೆಯ ಮರುಪಯಣ ಮೊದಲಾಗಿದೆ. ಕಿಟ್ಟೆಲ್ಲರ ವಂಶಸ್ಥರು ಧಾರವಾಡಕ್ಕೆ ಬಂದುಹೋದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ನಾವು ಇಂಥವರಿಗೆ ಸಾಮಾನ್ಯವಾಗಿ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಕಿಟ್ಟೆಲ್ಲರ ಹೆಸರಿನ ಕಾಲೇಜನ್ನೂ ಬೆಂಗಳೂರಿನ ಪ್ರತಿಮೆಯನ್ನೂ ತೋರಿಸುತ್ತೇವೆ. ಅತಿಥಿಸತ್ಕಾರ ಸರಿಯೇ. ಆದರೆ ಹಳೆಯ ಮನೆಯನ್ನು ಹುಡುಕಿಕೊಂಡು ಬರುವವರು ಕೇಳುವುದು ಪ್ರತಿಮೆಯನ್ನಲ್ಲ. ಮನೆ ಎಲ್ಲಿತ್ತು, ಗೋರಿ ಯಾವುದು, ಜೊತೆಗೆ ಕೆಲಸ ಮಾಡಿದ ಪಂಡಿತರು ಯಾರು, ಅವರ ಮನೆಯವರು ಈಗ ಎಲ್ಲಿದ್ದಾರೆ ಎಂಬುದನ್ನು. ಇವಕ್ಕೆ ಉತ್ತರ ಹೇಳಬೇಕಾದವರು ಚರಿತ್ರೆಯ ಅಧ್ಯಾಪಕರು.

ಇದಕ್ಕೆ ಬೇಕಾದ ಸಾಮಗ್ರಿ ಎರಡು ಕಡೆ ಹಂಚಿಹೋಗಿದೆ. ಮಿಷನರಿಗಳ ಪತ್ರಗಳೂ ವಾರ್ಷಿಕ ವರದಿಗಳೂ ಛಾಯಾಚಿತ್ರಗಳೂ ಬಾಸೆಲಿನ ಮಿಷನ್ ದಫ್ತರದಲ್ಲಿವೆ. ಪತ್ರಗಳು ಬಹುಮಟ್ಟಿಗೆ ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ, ಜರ್ಮನ್ ಬಲ್ಲವರಿಗೂ ಅಭ್ಯಾಸವಿಲ್ಲದೆ ಓದಲು ಬಾರವು. ಇತ್ತ ನಮ್ಮ ಬಳಿ ಇರುವವು ಸಭೆಗಳ ಜನನ, ವಿವಾಹ, ಮರಣದ ದಾಖಲೆ ಪುಸ್ತಕಗಳು, ಶಾಲೆಗಳ ಹಾಜರಿ ಪುಸ್ತಕಗಳು, ಗೋರಿಯ ಕಲ್ಲುಗಳು, ಮನೆಮನೆಗಳಲ್ಲಿ ಉಳಿದ ನೆನಪುಗಳು. ಬಾಸೆಲಿನ ಪತ್ರದಲ್ಲಿ 'ನಮ್ಮ ಮುನ್ಷಿ' ಎಂದಷ್ಟೇ ಬರುವವನಿಗೆ ಹೆಸರು ದೊರೆಯಬೇಕಾದರೆ ಈ ಎರಡನ್ನೂ ಹತ್ತಿರ ಇಟ್ಟು ನೋಡಬೇಕು. ಗೋರಿಗಲ್ಲಿನ ಅಕ್ಷರಗಳು ಮಳೆಗಾಳಿಗೆ ಸವೆಯುತ್ತಿರುತ್ತವೆಯಾದ್ದರಿಂದ ಆ ಕೆಲಸವೇ ಮೊದಲಾಗಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಮೂರೂ ಕಡೆಯ ಕಲ್ಲುಗಳನ್ನು ಓದಿ, ಪ್ರತಿ ಮಾಡಿ, ಊರು ಮತ್ತು ಇಸವಿಯ ಕ್ರಮದಲ್ಲಿ ಪಟ್ಟಿಯಾಗಿ ಬರೆದಿಡಬಹುದು. ಮಕ್ಕಳ ಗೋರಿಗಳನ್ನು ಬಿಡಬಾರದು; ಬಾಸೆಲಿಗೆ ಕಳುಹಿಸುವ ವಯಸ್ಸಿಗೆ ಮೊದಲೇ ಇಲ್ಲಿಯ ಮಣ್ಣಿಗೆ ಸೇರಿದವರ ಹೆಸರುಗಳು ಅವುಗಳ ಮೇಲೆ ಇರುತ್ತವೆ.